ಹುಳ ಬಂದು ಪುಟ ತಿರುಗಿಸುವ ನನ್ನ ಹಳೇ ರೀಡರ್, ಅಳಿಯ ತಂದ ಹೊಸ ಕಲರ್ ರೀಡರ್

ದೀಪಾವಳಿಗೆ ಬೆಂಗಳೂರಿನಿಂದ ಬಂದ ಅಕ್ಕನ ಮಗ ಹೊಸದಾಗಿ ಬಿಟ್ಟಿರುವ ಕಲರ್ ಇ-ಬುಕ್ ರೀಡರ್ ತಂದಿದ್ದ. 'ಮಾಮಾ, ಇನ್ನೂ ಎಷ್ಟ್ ವರ್ಷ ಆ ಡಬ್ಬಿ ಹಿಡ್ಕೊಂಡು ಕೂಡ್ತೀರಿ? ನಾ ಹೋಗೋತನಕ ಇದನ್ನ ಓದ್ರಿ, ಆಮ್ಯಾಲೆ ಹೇಳ್ರಿ' ಅಂತ ಕೈಗಿಟ್ಟ. ಹನ್ನೊಂದು ದಿನ ನನ್ನ ಹತ್ತಿರ ಇತ್ತು. ಅಷ್ಟೂ ದಿನ ಕೊಳ್ಳಲೋ ಬೇಡವೋ ಅಂತ ತಲೆ ಕೆಡಿಸಿಕೊಂಡೆ. ಮೆಮೊರಿ ಎಷ್ಟು, ತೂಕ ಎಷ್ಟು ಅನ್ನೋದನ್ನೆಲ್ಲ ನೀವು ಆಗಲೇ ನೋಡಿರುತ್ತೀರಿ, ಅದು ಬಿಡಿ.

ಅವನು ಡಬ್ಬಿ ಅಂದದ್ದು ನನ್ನ ಆರು ಇಂಚಿನ ಕಪ್ಪು-ಬಿಳುಪು ರೀಡರ್‌ಗೆ. 2017ರಲ್ಲಿ ಗೆಳೆಯನ ಕೈಯಿಂದ ಸೆಕೆಂಡ್ ಹ್ಯಾಂಡ್ ತಗೊಂಡದ್ದು, 4,500 ರೂಪಾಯಿ. ಅದರಲ್ಲಿ ಲೈಟ್ ಇಲ್ಲ. ಸ್ಕ್ರೀನ್ ಸುತ್ತ ಎತ್ತರದ ಅಂಚು. ನಾನು ಗಂಗಾವತಿಯ ರೈಸ್ ಮಿಲ್ಲೊಂದರಲ್ಲಿ ಲೆಕ್ಕ ಬರೆಯುವವನು. ಸಂಜೆ ಐದೂವರೆಗೆ ಮನೆಗೆ ಬಂದು, ಚಹಾ ಕುಡಿದು, ಮನೆ ಮುಂದಿನ ಕಟ್ಟೆ ಮೇಲೆ ಕೂತರೆ ಕತ್ತಲಾಗುವವರೆಗೆ ಓದು. ಊಟ ಆದ ಮೇಲೆ ಓದಲು ಕೂತರೆ ನಿದ್ದೆ ಬರುತ್ತದೆ. ಹಾಗಾಗಿ ನನ್ನ ಓದೆಲ್ಲ ಆ ಒಂದು ತಾಸಿನಲ್ಲೇ.

ಈ ಹಳೆಯದರ ಟಚ್ ಬಗ್ಗೆ ಸ್ವಲ್ಪ ಹೇಳಬೇಕು. ಮೊಬೈಲ್ ಸ್ಕ್ರೀನಿಗೆ ಬೆರಳೇ ಬೇಕು, ಚರ್ಮ ತಾಗಬೇಕು. ಇದಕ್ಕೆ ಅದೇನೂ ಬೇಡ. ಅಂಚಿನ ಒಳಗಿಂದ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಸ್ಕ್ರೀನಿನ ಮೇಲ್ಗಡೆ ಆ ಕಡೆಯಿಂದ ಈ ಕಡೆಗೆ ಹಾಯುತ್ತಿರುತ್ತದೆ. ಅದಕ್ಕೆ ಏನು ಅಡ್ಡ ಬಂದರೂ ಮುಟ್ಟಿದ ಹಾಗೆ. ಪೆನ್ಸಿಲ್ ಆದರೂ ಸರಿ, ಉಗುರಾದರೂ ಸರಿ.

ಹುಳ ಆದರೂ ಸರಿ!

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ನೆಲ್ಲು ತೆನೆ ಕಟ್ಟುವ ಹೊತ್ತಿಗೆ ಸಂಜೆ ಹಸಿರು ಜಿಗಿಹುಳು ಮುಗಿಬೀಳುತ್ತವೆ. ಲೈಟ್ ಕಂಡಲ್ಲಿ ಮುತ್ತಿಕೊಳ್ಳುತ್ತವೆ. ಮಿರ್ಚಿ ಬಂಡಿಯವರು ಬಲ್ಬ್ ಆರಿಸಿಬಿಡುತ್ತಾರೆ. ಊಟದ ತಾಟಿನಲ್ಲಿ, ಅಂಗಿ ಕಾಲರಿನಲ್ಲಿ, ಕಿವಿಯಲ್ಲಿ ಹುಳ. ಮೊದಲ ವರ್ಷ ಕಟ್ಟೆ ಮೇಲೆ ಓದುತ್ತಿದ್ದಾಗ ಒಂದು ಬಂದು ಸ್ಕ್ರೀನಿನ ಬಲಕ್ಕೆ ಕೂತಿತು. ಪುಟ ತಿರುಗಿತು. ಎಡಕ್ಕೆ ಜಿಗಿಯಿತು. ಹಿಂದಿನ ಪುಟ ಬಂತು. ನಾನು ರೀಡರ್ ಕೆಟ್ಟಿತು ಅಂದುಕೊಂಡು ಎರಡು ಸಲ ಆಫ್ ಮಾಡಿ ಆನ್ ಮಾಡಿದೆ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ನನ್ನ ಹೆಂಡತಿ, 'ನಿಮಗಿಂತ ಅದ ಲಗೂ ಓದತೈತಿ ನೋಡ್ರಿ' ಅಂದಳು.

ಇನ್ನೊಂದು ಕಾಟ ಮಿಲ್ಲಿನ ತೌಡಿನ ಧೂಳು. ರೀಡರನ್ನು ಚೀಲದಲ್ಲಿ ಹಾಕಿಕೊಂಡು ಹೋದರೆ ಸಾಕು, ಅಂಚಿನ ಮೂಲೆಯಲ್ಲಿ ಕೂತು ಗಟ್ಟಿಯಾಗುತ್ತದೆ. ಆಮೇಲೆ ಯಾರೂ ಮುಟ್ಟದೆ ಪುಟ ತಾನೇ ಓಡುತ್ತದೆ. ಅದಕ್ಕೆ ಪ್ರತಿ ಭಾನುವಾರ ಸ್ನಾನದ ಮುಂಚೆ ಒಂದು ಕೆಲಸ ಉಂಟು. ಮಗಳ ಹಳೇ ಪೇಂಟಿಂಗ್ ಬ್ರಷ್ ತಗೊಂಡು ನಾಲ್ಕೂ ಅಂಚು ಗುಡಿಸುವುದು, ತಲೆಕೆಳಗೆ ಹಿಡಿದು ಬೆನ್ನಿಗೆ ಮೆಲ್ಲಗೆ ತಟ್ಟುವುದು. ಬಿಳಿ ಪುಡಿ ಉದುರುತ್ತದೆ. ಕಿರಿಕಿರಿಯಿಂದ ಶುರು ಮಾಡಿದ್ದು, ಈಗ ಅದನ್ನು ಮಾಡದಿದ್ದರೆ ಭಾನುವಾರ ಅನಿಸುವುದಿಲ್ಲ.

ಅದೇ ಟಚ್‌ನ ಸುಖ ಹೆಂಡತಿಗೆ ಸಿಕ್ಕಿತು. ರೊಟ್ಟಿ ಬಡಿಯುವಾಗ ಡಬ್ಬಿಯನ್ನು ಹಿಟ್ಟಿನ ಡಬ್ಬಕ್ಕೆ ಆನಿಸಿ ಇಟ್ಟುಕೊಳ್ಳುತ್ತಾಳೆ. ಕೈತುಂಬ ಜೋಳದ ಹಿಟ್ಟು. ಪಕ್ಕದಲ್ಲಿರುವ ಕಟ್ಟಿಗೆ ಸೌಟಿನ ತುದಿಯಿಂದ ಒಂದು ಸಲ ತಿವಿದರೆ ಪುಟ ತಿರುಗುತ್ತದೆ.

ಬ್ಯಾಟರಿ ಈಗ ಮೊದಲಿನಂತಿಲ್ಲ. ಎರಡು ವಾರ ಬರುತ್ತಿದ್ದದ್ದು ನಾಲ್ಕು ದಿನಕ್ಕೆ ಇಳಿದಿದೆ. ಲಿಥಿಯಂ ಬ್ಯಾಟರಿಗೆ ಬಿಸಿ ಆಗಿಬರುವುದಿಲ್ಲ, ನಮ್ಮ ಬೇಸಿಗೆ ನಿಮಗೆ ಗೊತ್ತೇ ಇದೆ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನ್ ತುಂಡಾಯಿತಲ್ಲ, ಆ ವಾರ ಊರಿಗೆ ಊರೇ ಮೊಬೈಲ್ ನೋಡುತ್ತಾ ಕೂತಿತ್ತು. ನಾನೂ ಅಷ್ಟೇ. ವಾರದ ಮೇಲೆ ಡಬ್ಬಿ ತೆಗೆದರೆ ಬ್ಯಾಟರಿ ಪೂರ್ತಿ ಖಾಲಿ, ಆದರೂ ಪುಸ್ತಕದ ಮುಖಪುಟ ಸ್ಕ್ರೀನ್ ಮೇಲೆ ಹಾಗೇ ಇತ್ತು. ಈ ರೀಡರ್‌ಗಳದ್ದು ಇ-ಇಂಕ್ ಸ್ಕ್ರೀನ್, ಅದು ಹಾಗೇ. ಸಣ್ಣ ಸಣ್ಣ ಗುಳ್ಳೆಗಳೊಳಗೆ ಕಪ್ಪು-ಬಿಳಿ ಕಣಗಳು. ಅವನ್ನು ಮೇಲೆ ಕೆಳಗೆ ಮಾಡಲು ಮಾತ್ರ ಕರೆಂಟ್ ಬೇಕು, ಇದ್ದಲ್ಲಿ ಇರಲು ಬೇಡ.

ಈಗ ಹೊಸದಕ್ಕೆ ಬರುತ್ತೇನೆ. ಅಂಚು ಸಪಾಟು, ಧೂಳು ಕೂರಲು ಜಾಗವೇ ಇಲ್ಲ. ಟಚ್ ಮೊಬೈಲಿನ ತರಹದ್ದು. ಹುಳ ಅದರ ಮೇಲೆ ಮದುವೆ ಮೆರವಣಿಗೆ ಮಾಡಿದರೂ ಪುಟ ಅಲ್ಲಾಡುವುದಿಲ್ಲ. ಮೊದಲ ದಿನವೇ ಮನಸ್ಸು ಅರ್ಧ ಸೋತಿತ್ತು.

ಕನ್ನಡ ಪುಸ್ತಕ ಹಾಕಿದೆ. 'ರಾಷ್ಟ್ರ' ಅಂತ ಇರಬೇಕಾದಲ್ಲಿ 'ರಾಷ್‌ಟ್‌ರ'. ಇಷ್ಟು ದುಡ್ಡಿನ ಸಾಮಾನಿನಲ್ಲಿ ಇನ್ನೂ ಇದೇ ಗತಿ! ಫಾಂಟ್ ಬದಲಿಸಿದರೂ ಅಷ್ಟೇ. ಒತ್ತಕ್ಷರ ಸರಿಯಾಗಿ ಕೂರಬೇಕಾದರೆ ಫಾಂಟ್ ಒಂದೇ ಸಾಲದು, ಅಕ್ಷರ ಜೋಡಿಸುವ ಸಾಫ್ಟ್‌ವೇರ್‌ಗೂ ಕನ್ನಡ ಬರಬೇಕು. ನನ್ನ ಹಳೆಯದರಲ್ಲೂ ಇದೇ ರಗಳೆ ಇತ್ತು, ಕೆಒರೀಡರ್ ಅನ್ನುವ ಪುಕ್ಕಟೆ ಆ್ಯಪ್, ನೋಟೋ ಸೆರಿಫ್ ಕನ್ನಡ ಫಾಂಟ್ ಹಾಕಿಸಿದ ಮೇಲೆ ಸರಿಹೋಗಿತ್ತು. ಅಳಿಯ ಹೊಸದರಲ್ಲೂ ಅದನ್ನೇ ಕೂರಿಸಿಕೊಟ್ಟ, ಅರ್ಧ ತಾಸಿನಲ್ಲಿ 'ರಾಷ್ಟ್ರ' ಒಂದಾಯಿತು. ಹಾಗಾಗಿ ಈ ಸಿಟ್ಟನ್ನು ನಾನು ಜಾಸ್ತಿ ಎಳೆಯುವುದಿಲ್ಲ. ಆದರೆ ನೀವು ಕೊಳ್ಳುವ ಮೊದಲು ನಿಮ್ಮದೇ ಒಂದು ಕನ್ನಡ ಇಪಬ್ (ಇ-ಬುಕ್ಕಿನ ಫೈಲ್) ಹಾಕಿ ನೋಡಿ, ಅಂಗಡಿಯವನು ತೋರಿಸುವ ಇಂಗ್ಲಿಷ್ ಪುಟ ನೋಡಿ ಬರಬೇಡಿ.

ಇನ್ನು ಬಣ್ಣ. ಐದನೇ ಕ್ಲಾಸಿನ ಮಗಳಿಗೆ ಚಿತ್ರದ ಕಥೆ ತೆಗೆದು ತೋರಿಸಿದೆ. 'ಪಪ್ಪಾ, ಒಗದ್ ಒಗದ್ ಬಣ್ಣ ಹೋದಂಗ ಐತಿ' ಅಂದಳು. ಸರಿಯಾಗೇ ಹೇಳಿದಳು. ಇದರಲ್ಲಿ ಕಪ್ಪು-ಬಿಳುಪು ಸ್ಕ್ರೀನಿನ ಮೇಲೆ ಬಣ್ಣದ ಫಿಲ್ಟರ್ ಒಂದು ಪದರ ಕೂತಿರುತ್ತದೆ. ಅಕ್ಷರಕ್ಕೆ ಇಂಚಿಗೆ 300 ಚುಕ್ಕಿ ಸಿಕ್ಕರೆ ಬಣ್ಣಕ್ಕೆ 150 ಅಷ್ಟೇ. ಅದನ್ನಾದರೂ ಸಹಿಸಬಹುದು. ಆದರೆ ಆ ಪದರ ಬೆಳಕನ್ನೂ ನುಂಗುತ್ತದೆ. ಬಿಳಿ ಇರಬೇಕಾದ ಪುಟ ಬೂದಿ ಬಣ್ಣಕ್ಕೆ ತಿರುಗುತ್ತದೆ. ಮಧ್ಯಾಹ್ನದ ಬಿಸಿಲಿನಲ್ಲಿ ಗೊತ್ತಾಗುವುದಿಲ್ಲ. ನಾನು ಓದುವುದು ಸಂಜೆಗೆ. ಹಳೆಯದರಲ್ಲಿ ಆರು ಗಂಟೆಗೂ ಅಕ್ಷರ ಕಾಣುತ್ತಿರುತ್ತದೆ, ಇದರಲ್ಲಿ ಐದೂಮುಕ್ಕಾಲಿಗೇ ಲೈಟ್ ಹಾಕಬೇಕಾಯಿತು.

ಲೈಟ್ ಹಾಕಿದ ಮೇಲೆ ಕೇಳಬೇಕಾ? ಎರಡು ನಿಮಿಷದಲ್ಲಿ ಸ್ಕ್ರೀನ್ ಹಸಿರಾಯಿತು. ಪುಟ ತಿರುಗಲಿಲ್ಲ, ನಿಜ, ಅಕ್ಷರವೇ ಕಾಣಲಿಲ್ಲ. ಒಂದನ್ನು ಒರೆಸಿದರೆ ನಾಲ್ಕು ಬಂದವು. ಹಳದಿ ಬೆಳಕಿಗೆ ಇಟ್ಟೆ, ತೀರಾ ಕಡಿಮೆ ಮಾಡಿದೆ, ಏನೂ ಉಪಯೋಗವಾಗಲಿಲ್ಲ. ಆರಿಸಿದರೆ ಬೂದಿ. ಕೊನೆಗೆ ಎದ್ದು ಒಳಗೆ ಹೋದೆ. ಒಳಗೆ ಟಿವಿ, ಧಾರಾವಾಹಿಯ ಜಗಳ. ಎಂಟು ವರ್ಷದಲ್ಲಿ ಹುಳದ ಕಾಲದಲ್ಲೂ ನಾನು ಕಟ್ಟೆ ಬಿಟ್ಟವನಲ್ಲ. ಲೈಟ್ ಇಲ್ಲದ ನನ್ನ ಡಬ್ಬಿಗೆ ದಾರಿತಪ್ಪಿ ಬರುವುದು ಒಂದೋ ಎರಡೋ, ಊದಿದರೆ ಹೋಗುತ್ತವೆ.

ಅಡುಗೆಮನೆಯಲ್ಲೂ ಹೊಸದು ಸೌಟಿಗೆ ಬಗ್ಗಲಿಲ್ಲ. ಹೆಂಡತಿ ಮೂರನೇ ದಿನ ಹಳೆಯದನ್ನೇ ಎತ್ತಿಕೊಂಡಳು.

ಒಂದು ವಿಷಯದಲ್ಲಿ ಮಾತ್ರ ಹೊಟ್ಟೆ ಉರಿಯಿತು, ಮುಚ್ಚಿಡುವುದಿಲ್ಲ. ಇಂಟರ್ನೆಟ್ ಆರ್ಕೈವ್ ಅನ್ನುವ ವೆಬ್‌ಸೈಟಿನಲ್ಲಿ ಸ್ಕ್ಯಾನ್ ಮಾಡಿ ಇಟ್ಟಿರುವ ಹಳೇ ಕನ್ನಡ ಪುಸ್ತಕಗಳಿವೆಯಲ್ಲ, ಅವು ಪುಟದ ಫೋಟೋಗಳು, ಅಕ್ಷರ ದೊಡ್ಡದು ಮಾಡಲು ಬರುವುದಿಲ್ಲ. ನನ್ನ ಆರು ಇಂಚಿನಲ್ಲಿ ಅವು ಸಾಸಿವೆ ಕಾಳು. ಅಡ್ಡ ಹಿಡಿದು ಅರ್ಧರ್ಧ ಪುಟ ಓದಬೇಕು. ಹೊಸದರಲ್ಲಿ ಸ್ಕ್ರೀನ್ ದೊಡ್ಡದು, ಪುಟ ಸರಸರ ಬರುತ್ತದೆ. ರಾತ್ರಿ ಸೊಳ್ಳೆಪರದೆಯೊಳಗೆ, ಲೈಟ್ ಹಾಕಿಕೊಂಡು, ಊಟದ ಮೇಲೆ ನಿದ್ದೆ ಬರುತ್ತದೆ ಅನ್ನುವ ನಾನೇ ಹನ್ನೊಂದರವರೆಗೆ ಓದಿದೆ. ಎರಡು ರಾತ್ರಿ ಹಾಗಾಯಿತು. ನೀವು ಹಾಸಿಗೆಯಲ್ಲಿ ಓದುವವರಾದರೆ, ಹಳೇ ಪುಸ್ತಕಗಳ ಹುಚ್ಚಿದ್ದರೆ, ನನ್ನ ಗೊಣಗಾಟಕ್ಕೆ ಕಿವಿಗೊಡದೆ ದೊಡ್ಡ ಸ್ಕ್ರೀನಿನದು ತಗೊಳ್ಳಿ. ಆದರೆ ಕಪ್ಪು-ಬಿಳುಪಿನದೇ ತಗೊಳ್ಳಿ, ಬಣ್ಣ ಸುಮ್ನೆ ದಂಡ.

ನಾನು ಸದ್ಯಕ್ಕೆ ತಗೊಳ್ಳುತ್ತಿಲ್ಲ. ಅಳಿಯ ಕೊಟ್ಟದ್ದು ಇಪ್ಪತ್ತು ಸಾವಿರದ ಮೇಲೆ. ಅಷ್ಟರಲ್ಲಿ ನನ್ನ ಡಬ್ಬಿಯಂಥವು ನಾಲ್ಕು ಬರುತ್ತವೆ. ಬ್ಯಾಟರಿ ಬದಲಿಸಲು ಮೊಬೈಲ್ ರಿಪೇರಿ ಹುಡುಗನನ್ನು ಕೇಳಿದ್ದೇನೆ, ಸಾಮಾನು ತರಿಸಿದರೆ 1,200 ಅಂದಿದ್ದಾನೆ. ನೆಲ್ಲು ಕೊಯ್ಲು ಮುಗಿದು ಮಿಲ್ಲಿನ ಸೀಸನ್ ಕೆಲಸ ತಣ್ಣಗಾಗಲಿ, ಆಗ ಕಪ್ಪು-ಬಿಳುಪಿನ ಏಳು ಇಂಚಿನದನ್ನು ನೋಡಬೇಕು ಅಂತಿದ್ದೇನೆ.

ಹೊಸದನ್ನು ಚೆನ್ನಾಗಿ ಒರೆಸಿ, ಕವರ್ ಹಾಕಿ ಅಳಿಯನಿಗೆ ವಾಪಸ್ ಕೊಟ್ಟೆ. ಮರುದಿನ ಬೆಂಗಳೂರಿನಿಂದ ಫೋನ್ ಬಂತು. 'ಮಾಮಾ, ಕವರ್ ತಗದೆ, ಒಳಗ ಹಸರ ಹುಳ ಬಿದ್ದಾವಲ್ರಿ, ಎಂಟೋ ಹತ್ತೋ!'