ಚೇಣಿ ಅಂಕಣವೋ, ಮಂಡಿ ಅಂಕಣವೋ: ಲಿನಕ್ಸ್ ಗೇಮ್‌ಗಳ ಬಗ್ಗೆ ಎರಡೂ ಥರ ಬರೆದು ನೋಡಿದ ಮೇಲೆ

ಕಂಪ್ಯೂಟರ್‌ಗೆ ವಿಂಡೋಸ್ ಬದಲು ಹಾಕಿಕೊಳ್ಳುವ ಲಿನಕ್ಸ್‌ನಲ್ಲಿ ಆಡಬಹುದಾದ ಗೇಮ್‌ಗಳ ಬಗ್ಗೆ ನಾನು ಎರಡು ಅಂಕಣ ಬರೆಯುತ್ತೇನೆ. ಒಂದರಲ್ಲಿ ಕಿಕ್‌ಸ್ಟಾರ್ಟರ್‌ನಂಥ ಕಡೆ ಜನರಿಂದ ದುಡ್ಡು ಎತ್ತುತ್ತಿರುವ, ಇನ್ನೂ ತಯಾರಾಗದ ಗೇಮ್‌ಗಳು. ಇನ್ನೊಂದರಲ್ಲಿ ಈಗಾಗಲೇ ಬಂದು, ಸೇಲ್‌ನಲ್ಲಿ ಅಗ್ಗಕ್ಕೆ ಸಿಗುತ್ತಿರುವ ಗೇಮ್‌ಗಳು. ನಾನು ಬರೆಯುವುದು ಶಿವಮೊಗ್ಗದಲ್ಲಿ ಕೂತು. ಓದುವವರಲ್ಲಿ ಹೆಚ್ಚಿನವರು ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯವರು. ಹಳೆ ಲ್ಯಾಪ್‌ಟಾಪ್‌ಗೆ ಉಬುಂಟುವೋ ಮಿಂಟೋ ಯಾವುದೋ ಒಂದು ಲಿನಕ್ಸ್ ಹಾಕಿಕೊಂಡವರು. ಎರಡರಲ್ಲಿ ಯಾವುದನ್ನು ನಂಬಿ ದುಡ್ಡು ಹಾಕಬೇಕು ಅಂತ ಅವರು ಕೇಳುತ್ತಲೇ ಇರುತ್ತಾರೆ.

ನಮ್ಮ ಕಡೆಯವರಿಗೆ ವ್ಯತ್ಯಾಸ ಹೇಳುವುದು ಸುಲಭ. ಹೀಗೆ ಜನರಿಂದ ದುಡ್ಡು ಎತ್ತುವ ಕ್ರೌಡ್‌ಫಂಡಿಂಗ್ ಅಂದರೆ ಅಡಿಕೆ ತೋಟ ಚೇಣಿ ಹಿಡಿದ ಹಾಗೆ. ಗೊನೆ ಇನ್ನೂ ಮರದ ಮೇಲೇ ಇರುತ್ತದೆ, ದುಡ್ಡು ಮೊದಲೇ ಮಾತಾಗಿರುತ್ತದೆ. ಮಳೆ ಹೆಚ್ಚಾಗಿ ಕೊಳೆ ಬಂದರೆ ಚೇಣಿದಾರನ ಹಣೆಬರಹ. ಸೇಲ್ ಅಂದರೆ ಮಂಡಿಗೆ ಹೋಗಿ, ಮೂಟೆ ಬಿಚ್ಚಿಸಿ, ಅಡಿಕೆ ಕೈಯಲ್ಲಿ ಹಿಡಿದು ನೋಡಿ ಕೊಳ್ಳುವುದು. ಅದಕ್ಕೇ ನಮ್ಮ ಬಳಗದಲ್ಲಿ ಚೇಣಿ ಅಂಕಣ, ಮಂಡಿ ಅಂಕಣ ಅಂತಲೇ ಹೆಸರು ಬಿದ್ದಿದೆ.

ಚೇಣಿ ಅಂಕಣ ಬರೆಯಲು ಖುಷಿ ಜಾಸ್ತಿ. ಅದರಲ್ಲಿ ಕಥೆ ಇರುತ್ತದೆ. 2012ರ ಫೆಬ್ರವರಿಯಲ್ಲಿ ಡಬಲ್ ಫೈನ್ ಸಂಸ್ಥೆ 4 ಲಕ್ಷ ಡಾಲರ್ ಕೇಳಿ 33 ಲಕ್ಷ ಡಾಲರ್ ಎತ್ತಿತು. ಅಲ್ಲಿಂದ ಮೇಲೆ ಗೇಮ್ ಮಾಡುವವರೆಲ್ಲ ಆ ದಾರಿ ಹಿಡಿದರು. ಅದೇ ವರ್ಷ ಎಫ್‌ಟಿಎಲ್ ಎಂಬ ಪುಟ್ಟ ಅಂತರಿಕ್ಷ ನೌಕೆಯ ಗೇಮ್ 10 ಸಾವಿರ ಡಾಲರ್ ಕೇಳಿತು, ಬಂದದ್ದು 2 ಲಕ್ಷಕ್ಕೂ ಜಾಸ್ತಿ. ಸೆಪ್ಟೆಂಬರ್‌ನಲ್ಲಿ ಗೇಮ್ ಹೊರಬಂದಾಗ ಲಿನಕ್ಸ್ ಆವೃತ್ತಿಯೂ ಜೊತೆಗಿತ್ತು. ಪಿಲ್ಲರ್ಸ್ ಆಫ್ ಎಟರ್ನಿಟಿ 11 ಲಕ್ಷ ಡಾಲರ್ ಗುರಿ ಇಟ್ಟು 40 ಲಕ್ಷದ ಹತ್ತಿರ ಹೋಯಿತು. 2015ರ ಮಾರ್ಚ್‌ನಲ್ಲಿ ಬಂತು, ಲಿನಕ್ಸ್‌ಗೂ ಬಂತು.

ಆ ಕಾಲದಲ್ಲಿ ಲಿನಕ್ಸ್ ಬಳಸುವವರಿಗೆ ಕ್ರೌಡ್‌ಫಂಡಿಂಗ್ ಬೇರೆಯೇ ಒಂದು ಬಲ ಕೊಟ್ಟಿತ್ತು. ದೊಡ್ಡ ಕಂಪನಿಗಳು ನಮ್ಮನ್ನು ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. ಇಲ್ಲಿ ಹಾಗಲ್ಲ. ಮೂಲ ಗುರಿ ದಾಟಿ ಇಷ್ಟು ದುಡ್ಡು ಬಂದರೆ ಲಿನಕ್ಸ್ ಆವೃತ್ತಿ ಮಾಡುತ್ತೇವೆ ಅಂತ ಅವರೇ ಬರೆದು ಹಾಕುತ್ತಿದ್ದರು. ಸ್ಟ್ರೆಚ್ ಗೋಲ್ ಅನ್ನುವುದು ಅದಕ್ಕೇ. ನಾಲ್ಕು ಜನ ಸೇರಿ ದುಡ್ಡು ಹಾಕಿದರೆ ನಮ್ಮ ಮಾತಿಗೂ ಬೆಲೆ ಬರುತ್ತಿತ್ತು.

ಆದರೆ ಆ ಮಾತು ಉಳಿಯುತ್ತದೆ ಅಂತ ಎಲ್ಲೂ ಬರೆದಿಲ್ಲ. ಬ್ಲಡ್‌ಸ್ಟೇನ್ಡ್ ಎಂಬ ಗೇಮ್ 2015ರಲ್ಲಿ 55 ಲಕ್ಷ ಡಾಲರ್ ಎತ್ತಿತು. ಅದರ ಪಟ್ಟಿಯಲ್ಲಿ ಲಿನಕ್ಸ್ ಕೂಡ ಇತ್ತು. 2018ರಲ್ಲಿ ಲಿನಕ್ಸ್, ಮ್ಯಾಕ್ ಎರಡನ್ನೂ ಕೈಬಿಟ್ಟರು. 2019ರಲ್ಲಿ ಗೇಮ್ ಬಂತು, ಚೆನ್ನಾಗಿಯೂ ಇದೆ, ಆದರೆ ಲಿನಕ್ಸ್ ನಂಬಿ ದುಡ್ಡು ಹಾಕಿದವರು ಏನು ಮಾಡಬೇಕು? ಡಿವಿನಿಟಿ: ಒರಿಜಿನಲ್ ಸಿನ್ ಇನ್ನೊಂದು ಥರ. ಗೇಮ್ 2014ರ ಜೂನ್‌ನಲ್ಲಿ ಬಂತು, ಲಿನಕ್ಸ್‌ಗೆ ಬರುವಾಗ 2015ರ ಡಿಸೆಂಬರ್. ಕೊನೆಗೂ ಬಂತು ಅನ್ನುವುದೇ ಸಮಾಧಾನ.

ಹೀಗಾಗಿ ಚೇಣಿ ಅಂಕಣದ ರೂಪವನ್ನೇ ನಾನು ಬದಲಾಯಿಸಿದೆ. ಹೊಸ ಅಭಿಯಾನ ಬಂದಿದೆ, ಚಿತ್ರ ಚೆನ್ನಾಗಿದೆ, ದುಡ್ಡು ಹಾಕಿ ಅಂತ ಬರೆಯುವುದು ಸುಮ್ನೆ ಡಂಗುರ ಸಾರಿದ ಹಾಗಾಗುತ್ತದೆ. ಈಗ ಅದರ ಅರ್ಧ ಭಾಗ ಹಳೆಯ ಮಾತುಗಳ ಲೆಕ್ಕ. ಯಾರು ಲಿನಕ್ಸ್ ಕೊಡುತ್ತೇವೆ ಅಂದಿದ್ದರು, ಯಾವಾಗ ಅಂದಿದ್ದರು, ಈಗ ಎಲ್ಲಿದ್ದಾರೆ. ಹೊಸದಕ್ಕೆ ಜಾಗ ಕಡಿಮೆ. ಹೊಸದರಲ್ಲೂ ನಾನು ಮೊದಲು ನೋಡುವುದು ಲಿನಕ್ಸ್ ಎಲ್ಲಿ ಬರೆದಿದೆ ಅಂತ. ಮೂಲ ಗುರಿಯಲ್ಲೇ ಇದೆಯೋ, ಸ್ಟ್ರೆಚ್ ಗೋಲ್‌ಗೆ ತಳ್ಳಿದ್ದಾರೋ? ಆಮೇಲೆ, ಆಡಿ ನೋಡಲು ಲಿನಕ್ಸ್ ಡೆಮೊ ಇದೆಯೋ? ಇಂದು ಓಡುವ ಡೆಮೊ ಇದ್ದರೆ ನಾಳೆಯ ಮಾತನ್ನು ಸ್ವಲ್ಪ ನಂಬಬಹುದು. ಗೇಮ್ ಕಟ್ಟಲು ಯಾವ ಎಂಜಿನ್ (ಮೂಲ ತಂತ್ರಾಂಶ) ಬಳಸುತ್ತಿದ್ದಾರೆ ಅನ್ನುವುದೂ ಮುಖ್ಯ. ಗೊಡೋ, ಯೂನಿಟಿ ಎರಡರಲ್ಲೂ ಲಿನಕ್ಸ್‌ಗೆ ಕಟ್ಟಿಕೊಡುವ ಸೌಲಭ್ಯ ಇದೆ. ಆದರೆ ಗುಂಡಿ ಒತ್ತಿದ ಕೂಡಲೇ ಕೆಲಸ ಮುಗಿಯುವುದಿಲ್ಲ, ಆಡಿಸಿ ನೋಡಿ ಸರಿಮಾಡುವವರು ಬೇಕು.

ಹಾಲೋ ನೈಟ್ ಎಂಬ ಗೇಮ್ ಬಗ್ಗೆ ಬರೆಯದೆ ಈ ವಿಷಯ ಪೂರ್ತಿಯಾಗುವುದಿಲ್ಲ. 2014ರ ಕೊನೆಗೆ ಆಸ್ಟ್ರೇಲಿಯಾದ ಅಡಿಲೇಡ್‌ನ ಪುಟ್ಟ ತಂಡ 35 ಸಾವಿರ ಆಸ್ಟ್ರೇಲಿಯನ್ ಡಾಲರ್ ಕೇಳಿತು. ಬಂದದ್ದು 57 ಸಾವಿರ ಚಿಲ್ಲರೆ. ದೊಡ್ಡ ಮೊತ್ತವೇನಲ್ಲ. 2017ರ ಫೆಬ್ರವರಿಯಲ್ಲಿ ವಿಂಡೋಸ್‌ಗೆ ಬಂತು, ಏಪ್ರಿಲ್‌ನಲ್ಲಿ ಲಿನಕ್ಸ್‌ಗೆ ಬಂತು. ಆಗ ಸ್ಟ್ರೆಚ್ ಗೋಲ್ ಆಗಿ ಹೇಳಿದ್ದ ಹೆಚ್ಚುವರಿ ಭಾಗವೊಂದು ಬೆಳೆದು ಬೆಳೆದು ಸಿಲ್ಕ್‌ಸಾಂಗ್ ಎಂಬ ಬೇರೆ ಗೇಮೇ ಆಯಿತು. 2025ರ ಸೆಪ್ಟೆಂಬರ್ 4ರಂದು ಬಿಡುಗಡೆಯಾಯಿತು, ಲಿನಕ್ಸ್‌ಗೂ ಸೇರಿ. 2014ರಲ್ಲಿ ಹಾಕಿದ ದುಡ್ಡಿನ ಫಲ 2025ರಲ್ಲಿ ಕೈಗೆ! ಇಷ್ಟು ಕಾಯುವ ತಾಳ್ಮೆ ಎಲ್ಲರಿಗೂ ಇರುವುದಿಲ್ಲ ಅಲ್ವಾ.

ಇನ್ನು ದುಡ್ಡು ಕಟ್ಟುವ ತಾಪತ್ರಯ. ಕಿಕ್‌ಸ್ಟಾರ್ಟರ್‌ನಲ್ಲಿ ಗುರಿ ಮುಟ್ಟದಿದ್ದರೆ ಯಾರ ಖಾತೆಯಿಂದಲೂ ಹಣ ಹೋಗುವುದಿಲ್ಲ. ಇದು ಒಳ್ಳೆಯ ನಿಯಮ. ಗುರಿ ಮುಟ್ಟಿದರೆ ಹಣ ಕಡಿತವಾಗುವುದು ಅಭಿಯಾನ ಮುಗಿದಾಗ. ನಮ್ಮ ಕಾರ್ಡ್‌ಗಳಿಗೆ ಅಲ್ಲೇ ತೊಡಕು. 2020ರ ರಿಸರ್ವ್ ಬ್ಯಾಂಕ್ ನಿಯಮದ ಮೇಲೆ ಹೊಸ ಕಾರ್ಡ್‌ನಲ್ಲಿ ವಿದೇಶಿ ಪಾವತಿ ತಾನಾಗಿ ತೆರೆದಿರುವುದಿಲ್ಲ, ನಾವೇ ಆನ್ ಮಾಡಬೇಕು. ಆನ್ ಮಾಡಿ, ಮಾತು ಕೊಟ್ಟು, ಭದ್ರತೆಗೆ ಅಂತ ಮತ್ತೆ ಆಫ್ ಮಾಡಿಟ್ಟರೆ ವಾರಗಳ ನಂತರ ಕಡಿತ ಆಗಬೇಕಾದ ದಿನ ಆಗುವುದಿಲ್ಲ. ನನ್ನ ಬ್ಯಾಂಕಿನ ಕಾರ್ಡ್ ಎಲ್ಲ ಆನ್ ಇದ್ದಾಗಲೂ ಒಂದು ಸಲ ಕೈಕೊಟ್ಟಿದೆ. ಫೋನ್ ಮಾಡಿ ಕೇಳಿದರೆ "ನಮ್ಮ ಕಡೆ ಏನೂ ತೊಂದರೆ ಕಾಣ್ತಿಲ್ಲ ಸರ್" ಅಂದರು. ಬೇರೆ ಕಾರ್ಡ್ ಕೊಟ್ಟು ಸರಿಮಾಡಲು ಕಿಕ್‌ಸ್ಟಾರ್ಟರ್ ಕೆಲವು ದಿನ ಸಮಯ ಕೊಡುತ್ತದೆ, ಅದರಿಂದ ಕೆಲಸ ಆಯಿತು.

ಮಂಡಿ ಅಂಕಣಕ್ಕೆ ಈ ರಗಳೆ ಇಲ್ಲ. ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ 2015ರ ನವೆಂಬರ್‌ನಿಂದ ರೂಪಾಯಿ ಬೆಲೆ ಇದೆ. ಯುಪಿಐನಲ್ಲಿ ಕಟ್ಟಿ ಕೈತೊಳೆದುಕೊಳ್ಳಬಹುದು. ಕೊಂಡು 14 ದಿನ ಆಗಿರಬಾರದು, 2 ಗಂಟೆಗಿಂತ ಜಾಸ್ತಿ ಆಡಿರಬಾರದು, ಅಷ್ಟಿದ್ದರೆ ದುಡ್ಡು ವಾಪಸ್ ಕೇಳಬಹುದು. ಲಿನಕ್ಸ್‌ನವರಿಗೆ ಇದು ದೊಡ್ಡ ಧೈರ್ಯ. ನಮ್ಮ ಹಳೆ ಗ್ರಾಫಿಕ್ಸ್‌ನಲ್ಲಿ ಓಡುತ್ತದೋ ಇಲ್ಲವೋ ಎನ್ನುವುದು ಮೊದಲ ಹತ್ತು ನಿಮಿಷದಲ್ಲೇ ಗೊತ್ತಾಗುತ್ತದೆ.

ಲಿನಕ್ಸ್‌ಗೆ ಸ್ಟೀಮ್ ಅಧಿಕೃತವಾಗಿ ಬಂದದ್ದು 2013ರ ಫೆಬ್ರವರಿಯಲ್ಲಿ. ಆದರೆ ಮಂಡಿ ಅಂಕಣ ನಿಜಕ್ಕೂ ತುಂಬಿಕೊಂಡದ್ದು 2018ರ ಆಗಸ್ಟ್‌ನಲ್ಲಿ ಪ್ರೋಟಾನ್ ಬಂದ ಮೇಲೆ. ವಿಂಡೋಸ್‌ಗೆ ಮಾಡಿದ ಗೇಮ್‌ಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ವ್ಯವಸ್ಥೆ ಅದು. ಅದಕ್ಕೂ ಮೊದಲು ಸೇಲ್ ಪಟ್ಟಿ ನೋಡಿ ಲಿನಕ್ಸ್ ಗುರುತು ಇದ್ದದ್ದನ್ನು ಆರಿಸಿ ಬರೆಯುತ್ತಿದ್ದೆ. ಈಗ ಪಟ್ಟಿ ಹತ್ತು ಪಟ್ಟು ಉದ್ದ, ಆರಿಸುವ ಕೆಲಸವೂ ಅಷ್ಟೇ ಜಾಸ್ತಿ. ಯಾವ ಗೇಮ್ ಎಷ್ಟು ಚೆನ್ನಾಗಿ ಓಡುತ್ತದೆ ಅಂತ ಪ್ರೋಟಾನ್‌ಡಿಬಿ ಎಂಬ ತಾಣದಲ್ಲಿ ಬೇರೆಯವರು ಆಡಿ ಬರೆದದ್ದನ್ನು ನೋಡುತ್ತೇನೆ, ಆದರೆ ಅಲ್ಲಿನ ಪ್ಲಾಟಿನಂ, ಗೋಲ್ಡ್ ಪದಕಗಳನ್ನು ಪೂರ್ತಿ ನಂಬುವುದಿಲ್ಲ. ದುಬಾರಿ ಗ್ರಾಫಿಕ್ಸ್ ಕಾರ್ಡ್ ಇರುವವನ ಪ್ಲಾಟಿನಂ ನಮ್ಮ ಹೊಸನಗರದ ಹುಡುಗನಿಗೆ ಏನು ಉಪಯೋಗ? ನಮ್ಮಂಥದೇ ಯಂತ್ರ ಇರುವವರ ವರದಿ ಹುಡುಕಬೇಕು. ಅಂದ ಹಾಗೆ, ಪ್ರೋಟಾನ್‌ನಲ್ಲಿ ಆಡಿದರೂ ಅದನ್ನು ಲಿನಕ್ಸ್ ಮಾರಾಟ ಅಂತಲೇ ಲೆಕ್ಕ ಹಿಡಿಯುತ್ತೇವೆ ಎಂದು ಸ್ಟೀಮ್ ನಡೆಸುವ ವಾಲ್ವ್ ಆಗಲೇ ಹೇಳಿತ್ತು. ಹಾಗಾಗಿ ಸೇಲ್‌ನಲ್ಲಿ ಕೊಂಡರೂ ನಮ್ಮ ತಲೆ ಎಣಿಕೆಗೆ ಸಿಗುತ್ತದೆ. ಚೇಣಿ ಅಂಕಣಕ್ಕೆ ಇದ್ದ ಒಂದು ದೊಡ್ಡ ಕಾರಣ ಇದರಿಂದ ಸ್ವಲ್ಪ ತೆಳುವಾಯಿತು.

ಸ್ಟೀಮ್‌ನ ಬೇಸಿಗೆ ಸೇಲ್ ಬರುವುದು ಜೂನ್ ಕೊನೆಯಲ್ಲಿ, ಅಂದರೆ ನಮಗೆ ಆರಿದ್ರಾ ಮಳೆ. ಕೊಂಬೆ ತಂತಿ ಮೇಲೆ ಬಿದ್ದರೆ ಕರೆಂಟ್ ಇಲ್ಲ, ಕೇಬಲ್ ಮೇಲೆ ಬಿದ್ದರೆ ನೆಟ್ ಇಲ್ಲ, ಕೆಲವು ದಿನ ಎರಡೂ ಇಲ್ಲ. ಮೊದಲೆಲ್ಲ ಸೇಲ್ ನಡುವೆ ಕೆಲವೇ ಗಂಟೆಗಳ ಮಿಂಚಿನ ರಿಯಾಯಿತಿಗಳು ಬರುತ್ತಿದ್ದವು, ಕಾದು ಹಿಡಿಯಬೇಕಿತ್ತು. 2015ರ ಕೊನೆಗೆ ಅದನ್ನು ನಿಲ್ಲಿಸಿದರು. ಈಗ ಸೇಲ್ ಇರುವಷ್ಟು ದಿನವೂ ಒಂದೇ ಬೆಲೆ. ಇದು ಮಲೆನಾಡಿನವರಿಗೆ ಅಂತಲೇ ಮಾಡಿದ ಉಪಕಾರ ಅನ್ನಿಸುತ್ತದೆ. ಕರೆಂಟ್ ಬಂದಾಗ ಕೊಂಡರೆ ಸಾಕು. ನನಗೂ ಅವಸರವಿಲ್ಲದೆ ಬರೆಯಲು ಆಗುತ್ತದೆ.

ಇಲ್ಲಿನ ಓದುಗರು ಬೆಲೆಗಿಂತ ಮೊದಲು ಕೇಳುವ ಪ್ರಶ್ನೆ ಬೇರೆ. "ಅಣ್ಣಾ, ರೇಟ್ ಇರ್ಲಿ, ಎಷ್ಟು ಜಿಬಿ ಹೇಳಿ." ದಿನಕ್ಕೆ ಒಂದೂವರೆ ಜಿಬಿಯ ಮೊಬೈಲ್ ಪ್ಯಾಕ್‌ನಲ್ಲಿ ಇಳಿಸುವವನಿಗೆ 60 ಜಿಬಿ ಗೇಮ್ 90 ಪರ್ಸೆಂಟ್ ರಿಯಾಯಿತಿಯಲ್ಲಿ ಸಿಕ್ಕರೂ ಪ್ರಯೋಜನವಿಲ್ಲ. ಎಫ್‌ಟಿಎಲ್ ಥರದ್ದು ಕೆಲವು ನೂರು ಎಂಬಿಯಲ್ಲೇ ಮುಗಿಯುತ್ತದೆ, ಆಡಿದಷ್ಟೂ ಮುಗಿಯುವುದಿಲ್ಲ. ಮಂಡಿ ಅಂಕಣದಲ್ಲಿ ಈಗ ಬೆಲೆಯ ಪಕ್ಕದಲ್ಲೇ ಗಾತ್ರ ಬರೆಯುತ್ತೇನೆ. ಚೇಣಿ ಅಂಕಣದಲ್ಲಿ ಅದನ್ನು ಬರೆಯಲು ಆಗುವುದೇ ಇಲ್ಲ, ಗೇಮ್ ಇದ್ದರೆ ತಾನೇ ಗಾತ್ರ.

ಒಂದೇ ಮನೆಯಲ್ಲಿ ಅಥವಾ ಒಂದೇ ರೂಮಿನಲ್ಲಿ ಎರಡು ಕಂಪ್ಯೂಟರ್ ಇದ್ದರೆ 2023ರಿಂದ ಸ್ಟೀಮ್‌ನಲ್ಲಿ ಒಂದರಿಂದ ಇನ್ನೊಂದಕ್ಕೆ ನೇರ ಕಳಿಸಬಹುದು. ಹಾಸ್ಟೆಲ್ ಹುಡುಗರಿಗೆ ಇದು ಬಹಳ ಅನುಕೂಲ. ಆದರೆ ಹೊಸನಗರ ತಾಲೂಕಿನ ನಗರ ಹೋಬಳಿಯ ಒಳಗಿನ ಮನೆಗೆ ಒಯ್ಯಬೇಕು ಅಂದರೆ ನಾನು ಹೇಳುವುದು ಜಿಒಜಿ ಎಂಬ ಇನ್ನೊಂದು ಆನ್‌ಲೈನ್ ಅಂಗಡಿ. 2014ರ ಜುಲೈನಲ್ಲಿ 50 ಗೇಮ್‌ಗಳೊಂದಿಗೆ ಅವರು ಲಿನಕ್ಸ್ ಶುರುಮಾಡಿದರು. ನಕಲು ತಡೆಯುವ ಬೀಗ ಇಲ್ಲದ ಇನ್‌ಸ್ಟಾಲರ್ ಫೈಲ್ ಸಿಗುತ್ತದೆ. ಶಿವಮೊಗ್ಗದಲ್ಲಿ ಇಳಿಸಿ, ಹಾರ್ಡ್‌ಡಿಸ್ಕ್‌ಗೆ ಹಾಕಿಕೊಂಡು ಬಸ್ ಹತ್ತಿದರೆ ಆಯಿತು. ಊರಲ್ಲಿ ನೆಟ್ ಇರಲೇಬೇಕೆಂದಿಲ್ಲ. ದುಡ್ಡು ವಾಪಸ್ ಕೇಳಲು 30 ದಿನ ಇದೆ. ಬೇಸರದ ಸಂಗತಿ ಎಂದರೆ ಗೇಮ್ ಇಳಿಸಿ ನಡೆಸುವ ಅವರ ಗ್ಯಾಲಕ್ಸಿ ತಂತ್ರಾಂಶ ಲಿನಕ್ಸ್‌ಗೆ ಬಂದಿಲ್ಲ. ಅದರ ಬದಲು ಹೀರೋಯಿಕ್ ಅಥವಾ ಲೂಟ್ರಿಸ್ ಹಾಕಿಕೊಳ್ಳಬೇಕು. ನನಗೆ ಹೀರೋಯಿಕ್ ಸಾಕಾಗಿದೆ.

ಹಲವು ಗೇಮ್ ಒಟ್ಟಿಗೆ ಕಟ್ಟಿ ಮಾರುವ ಹಂಬಲ್ ಬಂಡಲ್ ಬಗ್ಗೆ ನನ್ನ ಉತ್ಸಾಹ ಇಳಿದಿದೆ. 2010ರ ಮೇ ತಿಂಗಳ ಮೊದಲ ಬಂಡಲ್‌ನಲ್ಲಿ ಮನಸ್ಸಿಗೆ ಬಂದಷ್ಟು ಕೊಡಿ ಅಂದಿದ್ದರು, ಎಲ್ಲ ಗೇಮ್ ಲಿನಕ್ಸ್‌ಗೂ ಇತ್ತು. ಆಗ ತಲಾ ಲೆಕ್ಕದಲ್ಲಿ ಜಾಸ್ತಿ ಕೊಟ್ಟವರು ಲಿನಕ್ಸ್‌ನವರೇ. 2012ರಲ್ಲಿ ವಿಂಡೋಸ್‌ಗೆ ಮಾತ್ರ ಇದ್ದ ಬಂಡಲ್ ಬಂತು, ಆಮೇಲೆ ಅದು ಮಾಮೂಲಾಯಿತು. ಈಗ ಹೆಚ್ಚಾಗಿ ಸ್ಟೀಮ್‌ನಲ್ಲಿ ಹಾಕಿ ಗೇಮ್ ಪಡೆಯುವ ಕೀ (ಸಂಕೇತ) ಕೊಡುತ್ತಾರೆ. ಅಂಕಣದಲ್ಲಿ ಒಂದು ಸಾಲು ಸಾಕು.

ಪುಟ್ಟ ತಂಡಗಳ ಗೇಮ್ ಮಾರುವ ಇಚ್.ಐಓ ತಾಣದ ಬಗ್ಗೆ ಮಾತ್ರ ಎರಡೂ ಅಂಕಣದಲ್ಲಿ ಬರೆಯುತ್ತೇನೆ. 2020ರ ಜೂನ್‌ನಲ್ಲಿ ಜನಾಂಗೀಯ ನ್ಯಾಯಕ್ಕಾಗಿ ಅವರು ಒಂದು ಬಂಡಲ್ ಮಾಡಿದ್ದರು. ಕನಿಷ್ಠ 5 ಡಾಲರ್ ಕೊಟ್ಟರೆ 1,700ಕ್ಕೂ ಜಾಸ್ತಿ ಸಾಮಗ್ರಿ, ಒಟ್ಟು ಸೇರಿದ್ದು 80 ಲಕ್ಷ ಡಾಲರ್‌ಗೂ ಹೆಚ್ಚು. ಅದರಲ್ಲಿ ನೈಟ್ ಇನ್ ದಿ ವುಡ್ಸ್ ಎಂಬ ಗೇಮ್ ಇತ್ತು. ಅದೇ ಗೇಮ್ 2013ರಲ್ಲಿ ಕಿಕ್‌ಸ್ಟಾರ್ಟರ್‌ನಲ್ಲಿ 50 ಸಾವಿರ ಡಾಲರ್ ಕೇಳಿ 2 ಲಕ್ಷ ದಾಟಿತ್ತು. ಮೊದಲೇ ದುಡ್ಡು ಹಾಕಿದವರು 2017ರ ತನಕ ಕಾದರು. ಮಂಡಿಗೆ ಬಂದವರಿಗೆ ಅದು 5 ಡಾಲರ್ ಮೂಟೆಯಲ್ಲಿ ನೂರಾರು ಗೇಮ್‌ಗಳ ಜೊತೆ ಸಿಕ್ಕಿತು. ಆದರೆ ಮೊದಲಿನವರು ದುಡ್ಡು ಹಾಕದಿದ್ದರೆ ಆ ಮೂಟೆಯಲ್ಲಿ ಆ ಗೇಮ್ ಇರುತ್ತಿತ್ತೋ ಇಲ್ಲವೋ. ಅದಕ್ಕೇ ಚೇಣಿ ಅಂಕಣವನ್ನು ನಾನು ನಿಲ್ಲಿಸಿಲ್ಲ.

ಓದುಗರಿಗೆ ಉಪಯೋಗ ಜಾಸ್ತಿ ಯಾವುದರಿಂದ ಅಂತ ಕೇಳಿದರೆ ಮಂಡಿಯಿಂದಲೇ, ಅನುಮಾನವಿಲ್ಲ. ಕಾಲೇಜು ಹುಡುಗರಿಗೆ, ಒಂದು ಗೇಮ್‌ಗೆ 200 ರೂಪಾಯಿ ಹಾಕಲು ಯೋಚಿಸುವವರಿಗೆ ಚೇಣಿ ಬೇಡವೇ ಬೇಡ. ಕೈಯಲ್ಲಿ ಸಂಬಳ ಇರುವವರು, ಕಳೆದರೂ ಪರವಾಗಿಲ್ಲ ಅನ್ನುವಷ್ಟು ದುಡ್ಡನ್ನು, ಲಿನಕ್ಸ್ ಡೆಮೊ ಆಡಿ ನೋಡಿದ ಮೇಲೆ, ವರ್ಷಕ್ಕೆ ಒಂದೋ ಎರಡೋ ಕಡೆ ಹಾಕಲಿ. ನಾನು ಮಾಡುವುದೂ ಅಷ್ಟೇ. ಮಳೆಗಾಲದ ಮಂಡಿ ಅಂಕಣದಲ್ಲಿ 1 ಜಿಬಿ ಒಳಗಿನವು ಮಾತ್ರ ಇರುತ್ತವೆ. ದೊಡ್ಡ ಗಾತ್ರದವನ್ನು ಡಿಸೆಂಬರ್ ಸೇಲ್‌ಗೆ ಇಟ್ಟುಕೊಳ್ಳುತ್ತೇನೆ. ಆಗ ಮಳೆ ನಿಂತಿರುತ್ತದೆ, ನೆಟ್ ನೆಟ್ಟಗಿರುತ್ತದೆ, ತೋಟದ ಮನೆಯವರ ಕೈಯಲ್ಲಿ ಅಡಿಕೆ ದುಡ್ಡೂ ಓಡಾಡುತ್ತಿರುತ್ತದೆ.