ಆಶ್ರಯ ಮನೆಯ ಛತ್ತಿಗೆ ಯಾವುದು ಸರಿ: ಸುಣ್ಣ, ಕೂಲ್ ಪೇಂಟ್, ಬಿಳಿ ಟೈಲ್ಸ್ ಚೂರು, ನೆರಳು ಬಲೆ

ಕಲಬುರಗಿ, ಯಾದಗಿರಿ, ರಾಯಚೂರು ಕಡೆ ಸರಕಾರಿ ಯೋಜನೆಯಲ್ಲಿ ಕಟ್ಟಿದ ಮನೆಗೆ ಜನ ಇಟ್ಟ ಹೆಸರು ಒಂದೇ, ಆಶ್ರಯ ಮನೆ. ಹಣ ಬಂದಿದ್ದು ಬಸವ ವಸತಿಯಿಂದಲೋ, ಅಂಬೇಡ್ಕರ್ ನಿವಾಸದಿಂದಲೋ, ಪ್ರಧಾನಮಂತ್ರಿ ಆವಾಸ್‌ನಿಂದಲೋ, ಮನೆ ಮಾತ್ರ ಹೆಚ್ಚುಕಡಿಮೆ ಒಂದೇ ಅಚ್ಚಿನದು. 20×30 ಸೈಟು, ಒಂದು ಹಾಲು, ಒಂದು ಕೋಣೆ, ಅಡುಗೆಮನೆ, ಮೇಲೆ ನಾಲ್ಕು ಇಂಚಿನ ಆರ್‌ಸಿಸಿ. ಹಳೆಯ ಮಣ್ಣಿನ ಮಾಳಿಗೆಯಿಂದ ಇಲ್ಲಿಗೆ ಬಂದವರಿಗೆ ಮೊದಲ ಬೇಸಿಗೆಯಲ್ಲೇ ವ್ಯತ್ಯಾಸ ತಿಳಿಯುತ್ತದೆ. ಅಡಿ ದಪ್ಪದ ಮಣ್ಣು ತಡೆಯುತ್ತಿದ್ದ ಬಿಸಿಲನ್ನು ನಾಲ್ಕು ಇಂಚಿನ ಕಾಂಕ್ರೀಟು ತಡೆಯುವುದಿಲ್ಲ.

ಕಲಬುರಗಿ ಇರುವುದು 17 ಡಿಗ್ರಿ ಅಕ್ಷಾಂಶದ ಮೇಲೆ. ಮೇ ಮೊದಲ ಹದಿನೈದು ದಿನಗಳಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೇ ಇರುತ್ತಾನೆ. ಆಗ ಗೋಡೆಗೆ ಬೀಳುವ ಬಿಸಿಲು ಕಡಿಮೆ, ಛತ್ತಿಗೆ ಬೀಳುವುದೇ ಹೆಚ್ಚು. ಮಳೆಗೆ ಕಪ್ಪಾದ ಸಿಮೆಂಟು ಬಿಸಿಲಿನ ಮೂರರಲ್ಲಿ ಎರಡು ಪಾಲನ್ನು ಹೀರಿಕೊಳ್ಳುತ್ತದೆ. ಮಧ್ಯಾಹ್ನ ಎರಡರ ಸುಮಾರಿಗೆ ಅದರ ಮೈ 60 ಡಿಗ್ರಿ ದಾಟುವುದುಂಟು. ಆ ಕಾವು ಒಳಮೈಗೆ ಇಳಿಯಲು ಎರಡು ಮೂರು ತಾಸು ಬೇಕು. ಆದ್ದರಿಂದಲೇ ಹೊರಗೆ ಸಂಜೆ ತಂಪಾಗುತ್ತಿದ್ದರೂ ಒಳಗೆ ರಾತ್ರಿ ಹತ್ತರವರೆಗೂ ಧಗೆ ಬಿಡುವುದಿಲ್ಲ. ವಸತಿ ಕಟ್ಟಡಗಳ ಇಂಧನ ಮಿತವ್ಯಯಕ್ಕಾಗಿ 2018ರಲ್ಲಿ ಬಂದ ಇಕೋ ನಿವಾಸ್ ಸಂಹಿತೆ ಛತ್ತಿನ ಯು-ಮೌಲ್ಯ, ಅಂದರೆ ಶಾಖ ಸಾಗಿಸುವ ಪ್ರಮಾಣ, 1.2 ಮೀರಬಾರದು ಎನ್ನುತ್ತದೆ. ಏನೂ ಹೊದಿಸದ ನಾಲ್ಕು ಇಂಚಿನ ಛತ್ತಿನದು ಲೆಕ್ಕ ಹಾಕಿದರೆ 3.7ರ ಹತ್ತಿರ ಬರುತ್ತದೆ. ಸಣ್ಣ ಮನೆಗಳಿಗೆ ಆ ಸಂಹಿತೆ ಅನ್ವಯಿಸುವುದಿಲ್ಲ ಎಂಬುದು ಬೇರೆ ಮಾತು. ಅದು ಬೇಕಾಗಿರುವುದು ಮಾತ್ರ ಇವಕ್ಕೇ.

ಕೆಳಗಿನ ನಾಲ್ಕೂ ಉಪಾಯಗಳನ್ನು 350 ಚದರ ಅಡಿಯ ಛತ್ತಿನ ಲೆಕ್ಕದಲ್ಲಿ ಹೋಲಿಸಿದೆ. ಇವು ಎಷ್ಟು ತಂಪು ಮಾಡುತ್ತವೆ ಎಂಬುದು ಒಂದು ಪ್ರಶ್ನೆ. ಅಷ್ಟೇ ಮುಖ್ಯವಾದ ಇನ್ನೊಂದು ಪ್ರಶ್ನೆಯನ್ನು ಪೇಂಟ್ ಅಂಗಡಿಯವರು ಕೇಳುವುದೇ ಇಲ್ಲ: ಆಮೇಲೆ ಛತ್ತು ಬಳಕೆಗೆ ಉಳಿಯುತ್ತದೆಯೇ? ಮೆಣಸಿನಕಾಯಿ, ಸಂಡಿಗೆ, ಹಪ್ಪಳ ಒಣಗುವುದು ಅಲ್ಲೇ, ಬೇಸಿಗೆ ರಾತ್ರಿ ಹಾಸಿಗೆ ಹಾಸುವುದೂ ಅಲ್ಲೇ.

ಸುಣ್ಣ

ಮೊದಲೇ ಹೇಳಿಬಿಡುತ್ತೇವೆ: ಒಂದು ಬೇಸಿಗೆಯ ಮಟ್ಟಿಗೆ ಕೊಟ್ಟ ದುಡ್ಡಿಗೆ ಸುಣ್ಣದಷ್ಟು ಫಲ ಕೊಡುವುದು ಬೇರೆ ಇಲ್ಲ. ಹೊಸದಾಗಿ ಬಳಿದಾಗ ಅದು ದುಬಾರಿ ಪೇಂಟಿನ ಹತ್ತಿರ ಹತ್ತಿರವೇ ಬಿಸಿಲನ್ನು ಹಿಂದಕ್ಕೆ ಎಸೆಯುತ್ತದೆ. ಒಳಗಿನ ಗಾಳಿ ಎರಡರಿಂದ ನಾಲ್ಕು ಡಿಗ್ರಿ ಇಳಿಯಬಹುದು. ಅದಕ್ಕಿಂತ ದೊಡ್ಡ ವ್ಯತ್ಯಾಸ ಛತ್ತಿನ ಒಳಮೈಯಲ್ಲಿ ಸಿಗುತ್ತದೆ, ತಲೆಯ ಮೇಲೆ ಹೆಂಚು ಕಾದಂತಿರುವ ಆ ಝಳ ಹೋಗುತ್ತದೆ.

ಬೇಕಾದ್ದು ಸುಣ್ಣ 15 ಕೆಜಿ, ಡಿಸ್ಟೆಂಪರಿಗೆ ಬೆರೆಸುವ ಅಂಟು 1 ಕೆಜಿ, ಬಿಳಿ ಸಿಮೆಂಟು 2 ಕೆಜಿ. ಕೆಲಸ ಮನೆಯವರೇ ಮಾಡಿದರೆ ಖರ್ಚು ಸಾವಿರ ರೂಪಾಯಿಯ ಆಸುಪಾಸಿನಲ್ಲೇ ಮುಗಿಯುತ್ತದೆ. ಕಲ್ಲುಸುಣ್ಣವಾದರೆ ಹಿಂದಿನ ದಿನವೇ ಕಬ್ಬಿಣದ ಡ್ರಮ್ಮಿನಲ್ಲಿ ನೀರು ಹಾಕಿ ಅರಳಿಸಬೇಕು. ಪ್ಲಾಸ್ಟಿಕ್ ಬಕೆಟ್ ಬೇಡ, ಸುಣ್ಣ ಕೊತಕೊತ ಕುದಿಯುವಾಗ ಅದು ಮೆತ್ತಗಾಗಿ ಸೋರುತ್ತದೆ. ನೀರಿಗೆ ಸುಣ್ಣ ಸ್ವಲ್ಪ ಸ್ವಲ್ಪವೇ ಹಾಕಬೇಕು, ಮಕ್ಕಳು ಹತ್ತಿರ ಸುಳಿಯಬಾರದು, ಕಣ್ಣಿಗೆ ಕನ್ನಡಕ ಇರಬೇಕು. ಮರುದಿನ ಬಟ್ಟೆಯಲ್ಲಿ ಸೋಸಿ, ಮಜ್ಜಿಗೆಯ ಹದಕ್ಕೆ ತಂದು ಅಂಟು ಬೆರೆಸಬೇಕು. ಬಿಳಿ ಸಿಮೆಂಟನ್ನು ಬಳಿಯುವ ಹೊತ್ತಿಗೆ, ಅರ್ಧ ತಾಸಿನಲ್ಲಿ ಮುಗಿಯುವಷ್ಟಕ್ಕೆ ಮಾತ್ರ ಹಾಕಬೇಕು. ಇಲ್ಲದಿದ್ದರೆ ಬಕೆಟ್ಟಿನಲ್ಲೇ ಗಟ್ಟಿಯಾಗುತ್ತದೆ.

ಸುಣ್ಣ ಪುಡಿಪುಡಿಯಾಗಿ ಎದ್ದು ಹೋಯಿತು ಎಂದು ದೂರುವವರಲ್ಲಿ ಬಹಳಷ್ಟು ಮಂದಿ ಒಣ ಛತ್ತಿಗೆ ಮಧ್ಯಾಹ್ನ ಬಳಿದಿರುತ್ತಾರೆ. ಸುಣ್ಣ ಗಟ್ಟಿಯಾಗುವುದು ಗಾಳಿಯ ಇಂಗಾಲಾಮ್ಲದ ಜೊತೆ ನಿಧಾನವಾಗಿ ಸೇರಿ, ಆ ಕೆಲಸಕ್ಕೆ ತೇವ ಬೇಕು. ಕಾದ ಸಿಮೆಂಟು ಅದರ ನೀರನ್ನು ಕ್ಷಣದಲ್ಲಿ ಕುಡಿದುಬಿಟ್ಟರೆ ಉಳಿಯುವುದು ಬರೀ ಪುಡಿ. ಸಂಜೆ ಐದರ ಮೇಲೆ ಛತ್ತಿಗೆ ನೀರು ಹೊಡೆದು, ನಿಂತ ನೀರು ಇಂಗಿದ ಮೇಲೆ ತೆಳ್ಳಗೆ ಬಳಿಯಬೇಕು. ಮರುದಿನ ಬೆಳಿಗ್ಗೆ ನೀರು ಚಿಮುಕಿಸಿ, ಸಂಜೆ ಎರಡನೆಯ ಕೋಟು. ಅದರ ಮರುಸಂಜೆ ಮೂರನೆಯದು. ಒಂದು ದಪ್ಪ ಕೋಟಿಗಿಂತ ಮೂರು ತೆಳು ಕೋಟು ಬಾಳುತ್ತವೆ.

ಅಂಟು ಹಾಕಿದರೂ ಪಾದಕ್ಕೆ, ಹಾಸಿಗೆಗೆ ಬಿಳಿ ಹತ್ತುವುದು ತಪ್ಪುವುದಿಲ್ಲ. ಸಂಡಿಗೆಯನ್ನು ಚಾಪೆ ಹಾಸಿಯೇ ಇಡಬೇಕು. ಒಂದು ಮಳೆಗಾಲ ಕಳೆದರೆ ಅರ್ಧ ತೊಳೆದು ಹೋಗಿರುತ್ತದೆ. ಶಿವರಾತ್ರಿ ಮುಗಿದು ಯುಗಾದಿ ಬರುವುದರೊಳಗೆ ಪ್ರತಿ ವರ್ಷ ಬಳಿಯುವುದಾದರೆ ಮಾತ್ರ ಇದು ಸರಿ. ಸೋರುವ ಛತ್ತಿಗೆ ಸುಣ್ಣ ಮದ್ದಲ್ಲ.

ಕೂಲ್ ಪೇಂಟ್

ಅಂಗಡಿಯಲ್ಲಿ ಹೀಟ್ ಪ್ರೂಫ್, ಕೂಲ್ ಕೋಟ್, ವಾಟರ್‌ಪ್ರೂಫ್ ವೈಟ್ ಎಂದು ಹತ್ತು ಹೆಸರು. ಡಬ್ಬಿಯ ಮೇಲೆ ನೋಡಬೇಕಾದ್ದು ಎಸ್‌ಆರ್‌ಐ ಎಂಬ ಅಂಕಿ, ಅಂದರೆ ಬಿಸಿಲನ್ನು ಹಿಂದಕ್ಕೆ ಎಸೆದು ಕಾವನ್ನು ಬಿಟ್ಟುಕೊಡುವ ಗುಣದ ಅಳತೆ. ಒಳ್ಳೆಯ ಬಿಳಿ ಪೇಂಟಿನಲ್ಲಿ ಅದು 100ರ ಆಸುಪಾಸು ಇರುತ್ತದೆ. ಆ ಅಂಕಿಯೇ ಇಲ್ಲದ ಡಬ್ಬಿ ಬರೀ ಬಿಳಿ ಬಣ್ಣ ಎಂದುಕೊಳ್ಳಿ. ಬೆಳ್ಳಿಯಂತೆ ಹೊಳೆಯುವ ಅಲ್ಯುಮಿನಿಯಂ ಪೇಂಟ್ ತಂಪು ಎಂದು ನಂಬಿ ಬಳಿಯುವವರಿದ್ದಾರೆ. ಅದು ಬಿಸಿಲನ್ನು ಸ್ವಲ್ಪ ಹಿಂದಕ್ಕೆ ಕಳಿಸುತ್ತದೆ ನಿಜ, ಆದರೆ ಹೀರಿಕೊಂಡ ಕಾವನ್ನು ಆಕಾಶಕ್ಕೆ ಬಿಟ್ಟುಕೊಡುವುದರಲ್ಲಿ ಜಿಪುಣ. ಬಿಳಿ ಪೇಂಟು ಹಗಲು ಕಡಿಮೆ ಹೀರುತ್ತದೆ, ರಾತ್ರಿ ಧಾರಾಳವಾಗಿ ಬಿಡುತ್ತದೆ.

ಒರಟು ಸಿಮೆಂಟಿನ ಮೇಲೆ ಎರಡು ಕೋಟಿಗೆ ಒಂದು ಲೀಟರು 30ರಿಂದ 40 ಚದರ ಅಡಿಗೆ ಸಾಕಾಗುತ್ತದೆ. 350 ಅಡಿಗೆ ಹತ್ತು ಲೀಟರ್ ಪೇಂಟ್, ಜೊತೆಗೆ ಪ್ರೈಮರ್. ಸಾಮಾನಿಗೇ ಮೂರು ನಾಲ್ಕು ಸಾವಿರ ಬೇಕು. ಇದರ ಕೆಲಸ ಕೆಡುವುದು ಮೂರು ಕಡೆ.

ಒಂದು, ಹಳೆಯ ಸುಣ್ಣ. ಸುಣ್ಣದ ಪುಡಿಯ ಮೇಲೆ ಬಳಿದ ಪೇಂಟು ಸುಣ್ಣದ ಸಮೇತ ಹಾಳೆಯಂತೆ ಏಳುತ್ತದೆ. ತಂತಿ ಬ್ರಷ್ಷಿನಿಂದ ಕೆರೆದು, ತೊಳೆದು, ಅಂಗೈ ಉಜ್ಜಿದರೆ ಬಿಳಿ ಹತ್ತದಂತಾದ ಮೇಲೆಯೇ ಪ್ರೈಮರ್ ಹಚ್ಚಬೇಕು. ಹಾಗಾಗಿ ಎರಡು ವರ್ಷದಲ್ಲಿ ಪೇಂಟು ಮಾಡಿಸುವ ಯೋಚನೆ ಇದ್ದವರು ಈಗ ಸುಣ್ಣ ಬಳಿಯದಿರುವುದೇ ಒಳ್ಳೆಯದು.

ಎರಡು, ಛತ್ತಿನೊಳಗಿನ ತೇವ. ಎರಡು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪು ಹಚ್ಚಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಹಾಳೆಯ ಅಡಿ ಹನಿ ಕಂಡರೆ ಇನ್ನೂ ಒಣಗಬೇಕು. ತೇವದ ಮೇಲೆ ಬಳಿದರೆ ಏಪ್ರಿಲ್‌ನಲ್ಲಿ ಗುಳ್ಳೆ ಏಳುತ್ತದೆ. ಹೊಸದಾಗಿ ಹಾಕಿದ ಛತ್ತಿಗೆ 28 ದಿನದ ಮುಂಚೆ ಕೈ ಹಚ್ಚಲೇಬಾರದು.

ಮೂರು, ನಿಂತ ನೀರು. ಈ ಮನೆಗಳ ಛತ್ತಿಗೆ ಬಹಳ ಸಲ ಇಳಿಜಾರೇ ಇರುವುದಿಲ್ಲ. ತಗ್ಗಿನಲ್ಲಿ ವಾರಗಟ್ಟಲೆ ನೀರು ನಿಂತರೆ ಅಲ್ಲಿ ಪಾಚಿ ಕಟ್ಟುತ್ತದೆ, ಪೇಂಟು ಮೆತ್ತಗಾಗಿ ಕಿತ್ತು ಬರುತ್ತದೆ. ಬಳಿಯುವ ಮೊದಲು ಬಕೆಟ್ಟು ನೀರು ಸುರಿದು ತಗ್ಗು ಗುರುತಿಸಿ ಸಿಮೆಂಟಿನಿಂದ ತುಂಬಿಸಬೇಕು. ಬಿರುಕುಗಳನ್ನು ಉಳಿಯಿಂದ ಅಗಲಿಸಿ, ತುಂಬಿ, ಮೇಲೆ ಫೈಬರ್ ಜಾಲಿ ಪಟ್ಟಿ ಕೂರಿಸಬೇಕು. ಗುತ್ತಿಗೆ ಕೊಟ್ಟರೆ ಈ ಹಂತವೇ ಮಾಯವಾಗುತ್ತದೆ, ಎದುರಿಗೇ ನಿಂತು ಮಾಡಿಸಿ.

ಸರಿಯಾಗಿ ಆದರೆ ಮೂರರಿಂದ ಐದು ವರ್ಷ ಬಾಳುತ್ತದೆ. ಆದರೆ ಧೂಳು ಕೂತ ಬಿಳಿ ಬಿಳಿಯಲ್ಲ. ಫೆಬ್ರವರಿಯಲ್ಲಿ ಒಮ್ಮೆ, ಏಪ್ರಿಲ್ ನಡುವೆ ಒಮ್ಮೆ ಪೊರಕೆ, ನೀರು ಹಾಕಿ ತೊಳೆಯದಿದ್ದರೆ ದುಡ್ಡು ಕೊಟ್ಟ ಗುಣದಲ್ಲಿ ಒಂದಷ್ಟು ಸುಮ್ಮನೆ ಹೋಗುತ್ತದೆ. ಒದ್ದೆಯಾದರೆ ಜಾರುತ್ತದೆ. ಪ್ಯಾರಾಪೆಟ್ ಇಲ್ಲದ ಛತ್ತಿನಲ್ಲಿ ಇದನ್ನು ಹಗುರಾಗಿ ತೆಗೆದುಕೊಳ್ಳಬೇಡಿ.

ಬಿಳಿ ಟೈಲ್ಸ್ ಚೂರು

ಗೌಂಡಿಗಳು ಚೈನಾ ಮೊಸಾಯಿಕ್ ಅನ್ನುವುದು ಇದಕ್ಕೇ. 1:4 ಸಿಮೆಂಟು ಉಸುಕಿನ ಒಂದು ಇಂಚು ಹಾಸಿನ ಮೇಲೆ ಒಡೆದ ಬಿಳಿ ಗ್ಲೇಜ್ ಟೈಲ್ಸ್ ಕೂರಿಸಿ, ಸಂದಿಗೆ ಬಿಳಿ ಸಿಮೆಂಟು ತುಂಬುವ ಕೆಲಸ. ಅಂಗಡಿಯ ಒಡಕು ಟೈಲ್ಸ್ ಅಗ್ಗಕ್ಕೆ ಸಿಗುತ್ತವೆ, ಖರ್ಚೆಲ್ಲ ಕೂಲಿಯದು. ನಾಲ್ಕರಲ್ಲಿ ಇದೇ ದುಬಾರಿ. ಆದರೆ ಇದೊಂದೇ ಒಂದೇ ಏಟಿಗೆ ಇಳಿಜಾರು, ಸೋರಿಕೆ, ಕಾವು ಮೂರನ್ನೂ ಸರಿಮಾಡುತ್ತದೆ. ಗ್ಲೇಜಿನ ಮೇಲೆ ಧೂಳು ಅಂಟುವುದಿಲ್ಲ, ಮೊದಲ ಮಳೆಗೇ ತೊಳೆದು ಹೋಗುತ್ತದೆ. ಹಾಸಿಗೆ ಹಾಸಲಿಕ್ಕೂ, ತೊಗರಿ ಒಣಗಿಸಲಿಕ್ಕೂ ಇದಕ್ಕಿಂತ ಸ್ವಚ್ಛ ಜಾಗ ಇಲ್ಲ.

ತೂಕದ ಲೆಕ್ಕ ಮಾತ್ರ ಮಾಡಲೇಬೇಕು. ಒಂದು ಚದರ ಮೀಟರಿಗೆ ಹಾಸು, ಟೈಲ್ಸ್ ಸೇರಿ 65 ಕೆಜಿ ಆಗುತ್ತದೆ. 350 ಚದರ ಅಡಿಗೆ ಎರಡು ಟನ್ನಿಗೂ ಮೇಲೆ. ಗಟ್ಟಿ ಆರ್‌ಸಿಸಿಗೆ ಇದು ಭಾರವಲ್ಲ. ಒಳಗಡೆ ಸಿಮೆಂಟು ಉದುರಿ ತುಕ್ಕು ಹಿಡಿದ ಕಂಬಿ ಕಾಣುತ್ತಿದ್ದರೆ ಅಥವಾ ಛತ್ತು ಶಹಾಬಾದಿ ಫರಸಿಯದಾಗಿದ್ದರೆ (ಕಲ್ಲು ಚಪ್ಪಡಿ) ಈ ಕೆಲಸಕ್ಕೆ ಇಳಿಯಬೇಡಿ. ಮುಗಿದ ಮೇಲೆ ಕೋಲಿನಿಂದ ತಟ್ಟಿ ನೋಡಬೇಕು. ಟೊಳ್ಳು ಸದ್ದು ಬಂದ ಚೂರನ್ನು ಆಗಲೇ ತೆಗೆಸಿ ಮತ್ತೆ ಹಾಕಿಸದಿದ್ದರೆ ಮಳೆನೀರು ಅದರಡಿಯೇ ಹೊಕ್ಕುತ್ತದೆ.

ನೆರಳು ಬಲೆ

ನರ್ಸರಿಯ ಹಸಿರು ಬಲೆಯನ್ನು ಛತ್ತಿನ ಮೇಲೆ ಹಾಸಿಬಿಟ್ಟರೆ ಉಪಯೋಗ ತೀರ ಕಡಿಮೆ, ಬಲೆ ಕಾದು ಸಿಮೆಂಟನ್ನೂ ಕಾಯಿಸುತ್ತದೆ. ಮೂರು ನಾಲ್ಕು ಅಡಿ ಮೇಲೆ ಕಟ್ಟಿ ಅಡಿಯಲ್ಲಿ ಗಾಳಿ ಆಡಲು ಬಿಟ್ಟರೆ 75 ಶೇಕಡಾ ನೆರಳಿನ ಬಲೆ ಚೆನ್ನಾಗಿ ಕೆಲಸ ಮಾಡುತ್ತದೆ. ಸಮಸ್ಯೆ ಕಂಬದ್ದು. ಏಪ್ರಿಲ್–ಮೇ ತಿಂಗಳ ಮುಂಗಾರು ಪೂರ್ವದ ಬಿರುಗಾಳಿಗೆ ಹಗ್ಗ ಹರಿಯುತ್ತದೆ, ಇಲ್ಲವೇ ಕಂಬವೇ ವಾಲುತ್ತದೆ. ಬಲೆ ಬೇಕಾದ ತಿಂಗಳೂ ಅದೇ, ಗಾಳಿ ಬೀಸುವ ತಿಂಗಳೂ ಅದೇ. ಬಾಡಿಗೆಗೆ ಇರುವವರಿಗೆ, ಛತ್ತಿಗೆ ಏನೂ ಬಳಿಯಲಾಗದವರಿಗೆ ಸರಿ, ಉಳಿದವರಿಗೆ ಬೇಡ.

ಒಳಗಿನ ಲೆಕ್ಕ

ಛತ್ತು ಬಿಳಿಯಾದ ಮೇಲೂ ಕಿಟಕಿಯ ಹೊತ್ತು ತಪ್ಪಿದರೆ ಫಲ ಅರ್ಧವೇ. ಹೊರಗೆ 40 ಡಿಗ್ರಿ ಇರುವಾಗ ತೆರೆದ ಕಿಟಕಿ ಬಿಸಿಗಾಳಿಗೆ ಬಾಗಿಲು. ಬೆಳಿಗ್ಗೆ ಒಂಬತ್ತಕ್ಕೆ ಮುಚ್ಚಿ, ರಾತ್ರಿ ಎಂಟರ ಮೇಲೆ ಎದುರುಬದುರು ತೆರೆದರೆ ಗೋಡೆಯ ಕಾವು ಹೊರಟುಹೋಗುತ್ತದೆ. ಒಂದೇ ಕಡೆ ಕಿಟಕಿ ಇರುವ ಕೋಣೆಗೆ ಎದುರಿನ ಗೋಡೆಯ ಮೇಲ್ತುದಿಯಲ್ಲಿ ಒಂದೂವರೆ ಅಡಿಯ ವೆಂಟಿಲೇಟರ್ ಕೊರೆಸುವುದು ಇನ್ನೊಂದು ಫ್ಯಾನ್ ಕೊಳ್ಳುವುದಕ್ಕಿಂತ ಮೇಲು.

ಫ್ಯಾನಿನ ವಿಷಯಕ್ಕೆ ಬಂದರೆ, ಹಳೆಯದು 75 ವ್ಯಾಟ್, ಕಡಿಮೆ ಕರೆಂಟಿನ ಹೊಸ ಬಗೆಯ ಬಿಎಲ್‌ಡಿಸಿ 30 ವ್ಯಾಟ್. ಎರಡು ಫ್ಯಾನ್ ದಿನಕ್ಕೆ 20 ತಾಸು ತಿರುಗಿದರೆ ತಿಂಗಳಿಗೆ 90 ಯೂನಿಟ್ ಮತ್ತು 36 ಯೂನಿಟ್. ಗೃಹಜ್ಯೋತಿ ಇರುವಾಗ ಉಳಿಸಿ ಏನು ಬಂತು ಎಂದು ಕೇಳಬಹುದು. ಉಚಿತ ಮಿತಿ ನಿಂತಿರುವುದು ಆ ಮನೆಯ ಹಿಂದಿನ ಸರಾಸರಿ ಬಳಕೆಯ ಮೇಲೆ. ಮಿತಿ ದಾಟಿದ್ದಕ್ಕೆ ದುಡ್ಡು ಕಟ್ಟಬೇಕು, 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು. ಅದು ದಾಟುವುದು ಮೇ ತಿಂಗಳಲ್ಲೇ, ಕೂಲರ್ ತಂದ ಮನೆಯಲ್ಲೇ. 180 ವ್ಯಾಟಿನ ಕೂಲರ್ ದಿನಕ್ಕೆ ಹತ್ತು ತಾಸು ಓಡಿದರೆ 54 ಯೂನಿಟ್. ಎರಡು ಬಿಎಲ್‌ಡಿಸಿ ಫ್ಯಾನ್ ಉಳಿಸುವುದೂ ಸರಿಯಾಗಿ ಅಷ್ಟೇ. ಒಣಹವೆಯ ನಮ್ಮ ಕಡೆಗೆ ಕೂಲರ್ ಹೊಂದುತ್ತದೆ, ಆದರೆ ನಳ ವಾರಕ್ಕೊಮ್ಮೆ ಬರುವ ಬಡಾವಣೆಯಲ್ಲಿ ಅದಕ್ಕೆ ದಿನವೂ ಕೊಡಗಟ್ಟಲೆ ನೀರು ಎಲ್ಲಿಂದ? ಛತ್ತಿನ ಮೇಲೆ ನೀರು ಸುರಿಯುವ ಉಪಾಯವನ್ನು ಇದೇ ಕಾರಣಕ್ಕೆ ಹೋಲಿಕೆಯಲ್ಲಿ ಸೇರಿಸಿಲ್ಲ.

ಕೊನೆಗೆ, ಆರ್‌ಸಿಸಿ ಅಲ್ಲದೆ ಸಿಮೆಂಟ್ ಶೀಟಿನ ಮನೆಯವರಿಗೆ. ಶೀಟು ತೆಳು, ಕಾವು ನಿಮಿಷಗಳಲ್ಲಿ ಒಳಗೆ ಇಳಿಯುತ್ತದೆ. ಆದ್ದರಿಂದ ಬಿಳಿ ಬಳಿದದ್ದರ ಫಲ ಅಲ್ಲಿ ಇನ್ನೂ ಹೆಚ್ಚು, ಬಳಿದ ದಿನವೇ ಗೊತ್ತಾಗುತ್ತದೆ. ಆದರೆ ಶೀಟನ್ನು ತಂತಿ ಬ್ರಷ್ಷಿನಿಂದ ಒಣದಾಗಿ ಕೆರೆಯಲೇಬೇಡಿ, ಅದರಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇದ್ದರೆ ಏಳುವ ಧೂಳು ಶ್ವಾಸಕೋಶಕ್ಕೆ ವಿಷ. ನೀರು ಹಾಕಿ ಮೆತ್ತನೆಯ ಬ್ರಷ್ಷಿನಿಂದ ತೊಳೆದು ಬಳಿಯಿರಿ. ಶೀಟಿನ ಮೇಲೆ ನೇರ ಕಾಲಿಡದೆ, ಅಡಿಯ ಪೈಪು ಅಥವಾ ತೊಲೆ ಇರುವ ಸಾಲಿನ ಮೇಲೆ ಹಲಗೆ ಹಾಕಿ ಅದರ ಮೇಲೆ ಕೂತು ಕೆಲಸ ಮಾಡಿ.