ಆಮಿಬ್ರೋಕರ್: ಕೈಯಲ್ಲಿರುವ ಷೇರುಗಳನ್ನು ಸೋಸಿ ನೋಡುವವರ ದೃಷ್ಟಿಯಿಂದ

ಷೇರುಗಳನ್ನು ಸೋಸುವ, ಅಂದರೆ ನಾವು ಹಾಕಿದ ಷರತ್ತಿಗೆ ಹೊಂದುವಂಥವನ್ನು ಆರಿಸಿಕೊಡುವ, ತಂತ್ರಾಂಶಗಳ ಬಗ್ಗೆ ಬರುವ ವಿಮರ್ಶೆಗಳಲ್ಲಿ ಬಹುಪಾಲು, ಇಡೀ ಮಾರುಕಟ್ಟೆಯಿಂದ ಹೊಸ ಷೇರನ್ನು ಹೆಕ್ಕಿ ಕೊಡುವ ಸಾಮರ್ಥ್ಯವನ್ನೇ ಅಳತೆಗೋಲಾಗಿ ಇಟ್ಟುಕೊಂಡಿರುತ್ತವೆ. ನನ್ನ ಬಳಕೆ ಅದಕ್ಕಿಂತ ಸಣ್ಣದು. ಡಿಮ್ಯಾಟ್ ಖಾತೆಯಲ್ಲಿ ಈಗಾಗಲೇ ಇರುವ ಷೇರುಗಳು, ಅವುಗಳ ಜೊತೆಗೆ ದರ ಒಪ್ಪಿದರೆ ಕೊಳ್ಳೋಣ ಎಂದು ಗುರುತು ಹಾಕಿಕೊಂಡ ಕೆಲವು ಷೇರುಗಳು, ಇವುಗಳ ಪೈಕಿ ಯಾವುದರ ಚಾರ್ಟನ್ನು ಇವತ್ತು ತೆರೆದು ನೋಡಬೇಕು ಎಂಬುದಷ್ಟೇ ಮಾರುಕಟ್ಟೆ ಮುಚ್ಚಿದ ಮೇಲೆ ನನಗೆ ಗೊತ್ತಾಗಬೇಕು. ಈ ಕೆಲಸಕ್ಕೆ ಹಲವು ವರ್ಷಗಳಿಂದ ಆಮಿಬ್ರೋಕರ್ ಬಳಸುತ್ತಿದ್ದೇನೆ. ಅದು ಈ ಕೆಲಸವನ್ನು ಬಹಳ ಚೆನ್ನಾಗಿ ಮಾಡುತ್ತದೆ. ಆದರೆ ಅದಕ್ಕೆ ಉಣಿಸುವ ದರಗಳ ಶುದ್ಧತೆಯ ಹೊಣೆ ಪೂರ್ತಿ ನಮ್ಮ ತಲೆಯ ಮೇಲೆ ಬೀಳುತ್ತದೆ ಎಂಬುದನ್ನು ಕೊಳ್ಳುವ ಮೊದಲೇ ತಿಳಿದಿರುವುದು ಒಳ್ಳೆಯದು.

ಟೊಮಾಶ್ ಯಾನೆಚ್ಕೊ ಎಂಬ ಪೋಲಿಷ್ ತಂತ್ರಜ್ಞರು ಕಟ್ಟಿದ ಈ ತಂತ್ರಾಂಶ ವಿಂಡೋಸ್ ಕಂಪ್ಯೂಟರಿನಲ್ಲಿ ಮಾತ್ರ ನಡೆಯುತ್ತದೆ. ಪರವಾನಗಿಯನ್ನು ಒಮ್ಮೆ ಕೊಂಡರೆ ಅದಕ್ಕೆ ಅವಧಿಯ ಮಿತಿಯಿಲ್ಲ. ಹೊಸ ಆವೃತ್ತಿಗಳು ಮಾತ್ರ ಕೆಲವು ಕಾಲದವರೆಗೆ ಉಚಿತವಾಗಿ ಸಿಗುತ್ತವೆ. ತಿಂಗಳ ಚಂದಾ ಕಟ್ಟಿಸಿಕೊಳ್ಳುವ ಸೇವೆಗಳ ಈ ಕಾಲದಲ್ಲಿ ಇದೊಂದು ನೆಮ್ಮದಿ. ಪರದೆಯ ವಿನ್ಯಾಸ ಹಳೆಯ ಕಾಲದ್ದು, ಮೊಬೈಲ್ ಆಪ್‌ಗಳಿಗೆ ಒಗ್ಗಿದವರಿಗೆ ಮೊದಲ ನೋಟಕ್ಕೆ ಹಿಡಿಸುವುದು ಕಷ್ಟ. ಷರತ್ತುಗಳನ್ನು ಎಎಫ್‌ಎಲ್ ಎಂಬ ಅದರದೇ ಸೂತ್ರಭಾಷೆಯಲ್ಲಿ ಬರೆಯಬೇಕು. ಎಕ್ಸೆಲ್ ಸೂತ್ರಗಳನ್ನು ಬರೆದು ಅಭ್ಯಾಸವಿರುವವರಿಗೆ ಇದು ದಕ್ಕುತ್ತದೆ. ಅದೂ ಬೇಡವೆನ್ನುವವರಿಗೆ ಈ ತಂತ್ರಾಂಶವನ್ನು ನಾನು ಹೇಳುವುದಿಲ್ಲ.

ಆಮಿಬ್ರೋಕರ್‌ನಲ್ಲಿ ಸೋಸುವುದಕ್ಕೆ ಎರಡು ದಾರಿಗಳಿವೆ: ಸ್ಕ್ಯಾನ್ ಮತ್ತು ಎಕ್ಸ್‌ಪ್ಲೋರ್. ಸ್ಕ್ಯಾನ್ ಒತ್ತಿದರೆ ಖರೀದಿ ಅಥವಾ ಮಾರಾಟದ ಷರತ್ತು ಆ ದಿನ ಪೂರೈಸಿದ ಷೇರುಗಳು ಮಾತ್ರ ಕಾಣಿಸುತ್ತವೆ. ಹೊಸಬರು ಇದನ್ನೇ ಹಿಡಿದುಕೊಳ್ಳುತ್ತಾರೆ, ಏಕೆಂದರೆ ಉತ್ತರ ಚಿಕ್ಕದಾಗಿ, ಖಚಿತವಾದಂತೆ ಇರುತ್ತದೆ. ಆದರೆ ಕೈಯಲ್ಲಿರುವ ಷೇರುಗಳ ವಿಷಯದಲ್ಲಿ ಸ್ಕ್ಯಾನ್ ಸಾಲದು. 50 ದಿನಗಳ ಸರಾಸರಿಯನ್ನು, ಅಂದರೆ ಹಿಂದಿನ 50 ದಿನಗಳ ಮುಕ್ತಾಯ ದರಗಳ ಸರಾಸರಿಯನ್ನು, ಒಂದು ಷೇರು ಮಂಗಳವಾರ ಕೆಳಮುಖವಾಗಿ ದಾಟಿತು, ಆ ಸಂಜೆ ನೀವು ಮದುವೆಗೆ ಹೋಗಿದ್ದಿರಿ ಎಂದುಕೊಳ್ಳೋಣ. ಬುಧವಾರದ ಸ್ಕ್ಯಾನ್‌ನಲ್ಲಿ ಆ ಷೇರು ಬರುವುದಿಲ್ಲ, ದಾಟುವ ಘಟನೆ ನಿನ್ನೆಗೇ ಮುಗಿದಿದೆ. ಷೇರು ಮಾತ್ರ ಸರಾಸರಿಯ ಕೆಳಗೇ ಇದೆ, ನಿಮ್ಮ ಖಾತೆಯಲ್ಲೂ ಇದೆ.

ಎಕ್ಸ್‌ಪ್ಲೋರ್‌ನಲ್ಲಿ ಈ ತೊಡಕಿಲ್ಲ. ಫಿಲ್ಟರ್ ಎಂಬಲ್ಲಿ ಒಂದು ಎಂದಷ್ಟೇ ಬರೆದು, ನನ್ನ ಷೇರುಗಳ ವಾಚ್‌ಲಿಸ್ಟಿಗೆ ಅದನ್ನು ಅನ್ವಯಿಸಿದರೆ, ಷರತ್ತು ಪೂರೈಸಲಿ ಬಿಡಲಿ ಪ್ರತಿಯೊಂದು ಷೇರಿಗೂ ಒಂದು ಸಾಲು ಬರುತ್ತದೆ. ಮೊದಲ ಕಾಲಂ ದರದ ದಿನಾಂಕ. ಇದು ಏಕೆ ಬೇಕು ಎಂಬುದನ್ನು ಮುಂದೆ ಹೇಳುತ್ತೇನೆ. ಆಮೇಲೆ ಮುಕ್ತಾಯದ ದರ, ಅದು 200 ದಿನಗಳ ಸರಾಸರಿಗಿಂತ ಶೇಕಡಾ ಎಷ್ಟು ಮೇಲೆ ಅಥವಾ ಕೆಳಗಿದೆ, 52 ವಾರಗಳ ಗರಿಷ್ಠ ಮಟ್ಟದಿಂದ ಎಷ್ಟು ದೂರದಲ್ಲಿದೆ, ಇವತ್ತಿನ ವಹಿವಾಟು ಪ್ರಮಾಣ ಇಪ್ಪತ್ತು ದಿನಗಳ ಸರಾಸರಿ ಪ್ರಮಾಣದ ಎಷ್ಟು ಪಟ್ಟು, ಕೊನೆಯಲ್ಲಿ ಸರಾಸರಿಯನ್ನು ದಾಟಿ ಎಷ್ಟು ದಿನವಾಯಿತು. ಈ ಕೊನೆಯ ಕಾಲಂ ಬಾರ್ಸ್‌ಸಿನ್ಸ್ ಎಂಬ ಒಂದೇ ಸೂತ್ರದಿಂದ ಬರುತ್ತದೆ, ಮತ್ತು ಇಡೀ ಪಟ್ಟಿಯಲ್ಲಿ ನಾನು ಮೊದಲು ನೋಡುವುದು ಅದನ್ನೇ. ಸೊನ್ನೆಯಿದ್ದರೆ ಇವತ್ತಿನ ಸಿಗ್ನಲ್, ಎರಡೋ ಮೂರೋ ಇದ್ದರೆ ಇನ್ನೂ ಬಿಸಿಯಾಗಿದೆ, ನೂರರ ಮೇಲಿದ್ದರೆ ಆ ಷೇರು ತನ್ನ ಪಾಡಿಗೆ ಸಾಗುತ್ತಿದೆ, ಬಿಟ್ಟುಬಿಡಬಹುದು. ಕಾಲಂ ತಲೆಯ ಮೇಲೆ ಒತ್ತಿ ಏರಿಕೆಯ ಕ್ರಮದಲ್ಲಿ ಜೋಡಿಸಿ, ಬಾಣದ ಕೀಲಿಯಿಂದ ಒಂದೊಂದೇ ಸಾಲು ಕೆಳಗೆ ಇಳಿದಂತೆ ಪಕ್ಕದ ಚಾರ್ಟ್ ತಾನಾಗಿ ಬದಲಾಗುವಂತೆ ಹೊಂದಿಸಿಕೊಳ್ಳಬಹುದು. ಪಟ್ಟಿ ಮೂಡುವುದಕ್ಕೆ ಕಣ್ಣು ಮಿಟುಕಿಸುವಷ್ಟು ಹೊತ್ತೂ ಬೇಡ. ವೇಗದ ವಿಷಯದಲ್ಲಿ ಈ ತಂತ್ರಾಂಶದ ಖ್ಯಾತಿ ಸುಳ್ಳಲ್ಲ.

ಇನ್ನು ದರಗಳ ವಿಷಯ. ಆಮಿಬ್ರೋಕರ್ ಬರಿಯ ಯಂತ್ರ, ಬೀಸಲು ಹಾಕುವ ಕಾಳನ್ನು ನಾವೇ ತರಬೇಕು. ರಾಷ್ಟ್ರೀಯ ಷೇರು ವಿನಿಮಯ ಕೇಂದ್ರವು ಪ್ರತಿ ವಹಿವಾಟು ದಿನದ ಸಂಜೆ ಭಾವ್‌ಕಾಪಿ ಎಂಬ ದರಪಟ್ಟಿಯನ್ನು ತನ್ನ ಜಾಲತಾಣದಲ್ಲಿ ಉಚಿತವಾಗಿ ಪ್ರಕಟಿಸುತ್ತದೆ, ಮತ್ತು ದಿನಕ್ಕೊಮ್ಮೆ ನೋಡುವವರಿಗೆ ಅಷ್ಟು ಸಾಕು. ಆದರೆ ಅದು ಆಯಾ ದಿನ ನಡೆದ ದರ. ಹಿಂದಿನ ದರಗಳನ್ನು ಬೋನಸ್ ಮತ್ತು ಮುಖಬೆಲೆ ವಿಭಜನೆಗೆ ತಕ್ಕಂತೆ ತಿದ್ದುವ ಕೆಲಸ ಅದರದ್ದಲ್ಲ.

ನಮ್ಮವರಿಗೆಲ್ಲ ಗೊತ್ತಿರುವ ಕೆನರಾ ಬ್ಯಾಂಕಿನ ಉದಾಹರಣೆ ನೋಡಿ. 2024ರ ಮೇ ತಿಂಗಳಲ್ಲಿ ಅದರ ಷೇರಿನ ಮುಖಬೆಲೆ 10 ರೂಪಾಯಿಯಿಂದ 2 ರೂಪಾಯಿಗೆ ವಿಭಜನೆಯಾಯಿತು. ಐನೂರರ ಮೇಲಿದ್ದ ದರ ಮರುದಿನ ನೂರರ ಆಸುಪಾಸಿಗೆ ಬಂತು, ಷೇರುಗಳ ಸಂಖ್ಯೆ ಐದು ಪಟ್ಟಾಯಿತು, ಹೂಡಿಕೆದಾರನ ಹಣ ಇದ್ದಲ್ಲೇ ಇತ್ತು. ಹಿಂದಿನ ದರಗಳನ್ನು ತಿದ್ದದೆ ಎಕ್ಸ್‌ಪ್ಲೋರ್ ಓಡಿಸಿದರೆ, ಒಂದೇ ದಿನದಲ್ಲಿ ಶೇ 80ರಷ್ಟು ಕುಸಿದ ಷೇರಾಗಿ ಅದು ಪಟ್ಟಿಯ ತಳ ಸೇರುತ್ತದೆ. ಎಲ್ಲ ಸರಾಸರಿಗಳ ಕೆಳಗೆ, ಏರಿಳಿತದ ಬಲವನ್ನು ಅಳೆಯುವ ಆರ್‌ಎಸ್‌ಐ ಸೂಚಕ ನೆಲಕಚ್ಚಿದ ಸ್ಥಿತಿಯಲ್ಲಿ. ಇಷ್ಟು ದೊಡ್ಡ ತಪ್ಪು ಯಾರ ಕಣ್ಣಿಗಾದರೂ ಬೀಳುತ್ತದೆ, ಹಾಗಾಗಿ ಅದು ಅಪಾಯಕಾರಿಯಲ್ಲ. ಅಪಾಯವಿರುವುದು ವಹಿವಾಟು ಪ್ರಮಾಣದಲ್ಲಿ. ದರವನ್ನು ತಿದ್ದಿ ಪ್ರಮಾಣವನ್ನು ಹಾಗೇ ಬಿಟ್ಟರೆ, ವಿಭಜನೆಯ ನಂತರದ ಸಾಮಾನ್ಯ ದಿನವೂ ಹಿಂದಿನ ಸರಾಸರಿಯ ಐದು ಪಟ್ಟು ಪ್ರಮಾಣದ ದಿನವಾಗಿ ಕಾಣುತ್ತದೆ, ಭಾರೀ ಪ್ರಮಾಣದೊಂದಿಗೆ ಬ್ರೇಕ್‌ಔಟ್ (ಹಳೆಯ ಗರಿಷ್ಠ ಮಟ್ಟವನ್ನು ದಾಟುವುದು) ಎಂಬ ಷರತ್ತು ಸುಳ್ಳುಸುಳ್ಳೇ ಪೂರೈಸುತ್ತದೆ. ಸ್ವಲ್ಪವೂ ಅನುಮಾನ ಬಾರದಷ್ಟು ಸಹಜವಾಗಿ ಕಾಣುವ ಸಿಗ್ನಲ್ ಇದು. ತಿದ್ದುವುದಕ್ಕೆ ಸಿಂಬಲ್ ಮೆನುವಿನಲ್ಲಿ ಸ್ಪ್ಲಿಟ್ ಎಂಬ ಆಯ್ಕೆಯಿದೆ. ಬಳಸಿದ ಮೇಲೆ ದರ, ಪ್ರಮಾಣ ಎರಡನ್ನೂ ಒಮ್ಮೆ ಕಣ್ಣಾರೆ ನೋಡಿಕೊಳ್ಳಬೇಕು.

ಕಂಪನಿ ಹೋಳಾದಾಗ ಇಷ್ಟು ಸರಳ ಲೆಕ್ಕವೂ ಇರುವುದಿಲ್ಲ. 2025ರ ಜನವರಿಯಲ್ಲಿ ಐಟಿಸಿಯ ಹೋಟೆಲ್ ವ್ಯವಹಾರ ಬೇರೆಯಾಗಿ, ಹತ್ತು ಐಟಿಸಿ ಷೇರಿಗೆ ಒಂದು ಐಟಿಸಿ ಹೋಟೆಲ್ಸ್ ಷೇರು ಸಿಕ್ಕಿತು. ಆ ದಿನದ ಇಳಿಕೆಯಲ್ಲಿ ಬೇರ್ಪಟ್ಟ ವ್ಯವಹಾರದ ಮೌಲ್ಯ ಎಷ್ಟು, ಮಾರುಕಟ್ಟೆಯ ಏರಿಳಿತ ಎಷ್ಟು ಎಂಬುದನ್ನು ಲೆಕ್ಕ ಹಾಕಿಯೇ ತಿದ್ದಬೇಕು. ನಾನು ಹಣ ಕೊಟ್ಟು ದರ ತರಿಸಿಕೊಳ್ಳುತ್ತಿದ್ದ ಸೇವೆಯೊಂದು ಇಂಥ ತಿದ್ದುಪಡಿಗಳನ್ನು ತಡವಾಗಿ ಮಾಡುತ್ತಿತ್ತು, ಕೇಳಿದರೆ ಉತ್ತರವೂ ತಡವಾಗಿಯೇ ಬರುತ್ತಿತ್ತು. ಈಗ ಆ ಚಂದಾ ನಿಲ್ಲಿಸಿ ಭಾವ್‌ಕಾಪಿಯನ್ನೇ ನೆಚ್ಚಿಕೊಂಡಿದ್ದೇನೆ. ಪೋರ್ಟ್‌ಫೋಲಿಯೊ ಚಿಕ್ಕದಿದ್ದರೆ ವರ್ಷಕ್ಕೆ ತಿದ್ದಬೇಕಾಗುವ ಷೇರುಗಳು ಬೆರಳೆಣಿಕೆಯಷ್ಟೇ. ಇಡೀ ಮಾರುಕಟ್ಟೆಯನ್ನು ಸೋಸುವವರಿಗೆ ಮಾತ್ರ ಇದು ಕೈಗೆ ಮೀರಿದ ಕೆಲಸ.

ಭಾವ್‌ಕಾಪಿಗೂ ಅದರದೇ ರಗಳೆಗಳಿವೆ. 2024ರ ಜುಲೈನಲ್ಲಿ ಅದರ ನಮೂನೆಯೇ ಬದಲಾಯಿತು. ಕಾಲಂಗಳ ಹೆಸರು, ಕ್ರಮ ಎಲ್ಲ ಬೇರೆಯಾಗಿ, ಹಳೆಯ ನಮೂನೆಗೆ ಬರೆದಿಟ್ಟ ಇಂಪೋರ್ಟ್ ಸೂತ್ರಗಳನ್ನು ಹೊಸದಾಗಿ ಬರೆಯಬೇಕಾಯಿತು. ಹೆಸರು ಬದಲಿಸುವ ಕಂಪನಿಗಳೂ ಇವೆ. 2025ರ ಏಪ್ರಿಲ್‌ನಲ್ಲಿ ಜೊಮ್ಯಾಟೊ ಷೇರಿನ ಸಿಂಬಲ್ ಎಟರ್ನಲ್ ಎಂದಾದಾಗ, ಹೊಸ ಹೆಸರಿನಡಿ ಇತಿಹಾಸವೇ ಇಲ್ಲದ ಷೇರೊಂದು ಹುಟ್ಟಿಕೊಂಡಿತು, 200 ದಿನಗಳ ಸರಾಸರಿಯ ಕಾಲಂ ಖಾಲಿ. ಹಳೆಯ, ಹೊಸ ಹೆಸರುಗಳ ದರಗಳನ್ನು ಮರ್ಜ್ ಆಯ್ಕೆಯಿಂದ ಬೆಸೆಯಬಹುದು. ಮತ್ತೊಂದು ತೊಡಕು ಸರಣಿಯದು. ಇಂಪೋರ್ಟ್ ಮಾಡುವಾಗ ಸಾಮಾನ್ಯ ಷೇರುಗಳಿರುವ ಇಕ್ಯೂ ಸರಣಿಯನ್ನಷ್ಟೇ ಆರಿಸಿಕೊಳ್ಳುವುದು ವಾಡಿಕೆ. ಕಣ್ಗಾವಲಿನ ಕಾರಣಕ್ಕೆ ಒಂದು ಷೇರನ್ನು ಡೆಲಿವರಿ ಕಡ್ಡಾಯವಿರುವ, ಅಂದರೆ ದಿನದೊಳಗೇ ಕೊಂಡು ಮಾರಲಾಗದ, ಬಿಇ ಸರಣಿಗೆ ಸರಿಸಿದರೆ ಆ ದಿನದಿಂದ ಅದರ ದರ ಬರುವುದು ನಿಂತುಹೋಗುತ್ತದೆ. ಅಂದರೆ ಯಾವ ಷೇರಿನ ಮೇಲೆ ಹೆಚ್ಚು ಕಣ್ಣಿಡಬೇಕೋ ಅದೇ ಷೇರು ಹಳೆಯ ದರದೊಂದಿಗೆ ತಣ್ಣಗೆ ಕುಳಿತಿರುತ್ತದೆ. ದಿನಾಂಕವನ್ನು ಮೊದಲ ಕಾಲಂ ಆಗಿ ಇಟ್ಟುಕೊಂಡಿರುವುದು ಇದಕ್ಕೇ.

ಬ್ರೋಕರ್ ಆಪ್‌ನ ಚಾರ್ಟಿಗೂ ಇದಕ್ಕೂ ಲೆಕ್ಕ ಹೊಂದುವುದಿಲ್ಲ ಎಂಬ ದೂರನ್ನು ಆಗಾಗ ಕೇಳುತ್ತೇನೆ. ಸರಳ ಸರಾಸರಿಯಲ್ಲಿ ವ್ಯತ್ಯಾಸ ಬಂದರೆ ದರದಲ್ಲೇ ತಪ್ಪಿದೆ ಎಂದು ತಿಳಿಯಬೇಕು. ಆದರೆ ಇಎಂಎ (ಇತ್ತೀಚಿನ ದರಗಳಿಗೆ ಹೆಚ್ಚು ತೂಕ ಕೊಡುವ ಸರಾಸರಿ) ಮತ್ತು ಆರ್‌ಎಸ್‌ಐ ಪ್ರತಿದಿನದ ಅಂಕಿಯನ್ನು ಹಿಂದಿನ ದಿನದ ಲೆಕ್ಕದ ಮೇಲೆ ಕಟ್ಟುತ್ತ ಹೋಗುವಂಥವು, ಆದ್ದರಿಂದ ಲೆಕ್ಕ ಎಲ್ಲಿಂದ ಆರಂಭವಾಯಿತು ಎಂಬುದರ ಮೇಲೆ ಉತ್ತರ ಅಲ್ಪಸ್ವಲ್ಪ ಬದಲಾಗುತ್ತದೆ. ಒಂದು ವರ್ಷದ ದರ ಮಾತ್ರ ಇರುವಲ್ಲಿ 200 ದಿನಗಳ ಇಎಂಎ, ಹತ್ತು ವರ್ಷಗಳ ದರ ಇರುವಲ್ಲಿ ಬರುವ ಇಎಂಎಗೆ ಸಮನಾಗಿರುವುದಿಲ್ಲ. ವೇಗಕ್ಕಾಗಿ ಬೇಕಾದಷ್ಟೇ ದಿನಗಳನ್ನು ಲೆಕ್ಕಕ್ಕೆ ಹಿಡಿಯುವ ಕ್ವಿಕ್‌ಎಎಫ್‌ಎಲ್ ಎಂಬ ಏರ್ಪಾಡು ಆಮಿಬ್ರೋಕರ್‌ನಲ್ಲಿದೆ. ಇನ್ನೂ ಹಿಂದಿನ ದಿನಗಳನ್ನು ಸೇರಿಸಿಕೊ ಎಂದು ಸೂತ್ರದಲ್ಲೇ ಹೇಳಬಹುದು. ದಾಟುವ ಸಿಗ್ನಲ್‌ಗಳನ್ನು ನೆಚ್ಚುವವರಿಗೆ ಈ ಅಲ್ಪಸ್ವಲ್ಪವೇ ಒಂದು ದಿನ ಆಚೀಚೆ ಮಾಡಬಲ್ಲದು.

ಎಎಫ್‌ಎಲ್ ಸೂತ್ರಗಳು ಟೆಲಿಗ್ರಾಮ್ ಗುಂಪುಗಳಲ್ಲಿ ಹೇರಳವಾಗಿ, ಹಲವು ಸಲ ಹಣಕ್ಕೂ, ಹರಿದಾಡುತ್ತವೆ. ಚಾರ್ಟಿನ ಪ್ರತಿ ತಳದಲ್ಲೂ ಹಸಿರು ಬಾಣ, ಪ್ರತಿ ತುದಿಯಲ್ಲೂ ಕೆಂಪು ಬಾಣ. ಅಂಥ ಸೂತ್ರವನ್ನು ತೆರೆದು ಜಿಗ್ ಎಂಬ ಫಂಕ್ಷನ್ ಇದೆಯೇ ಎಂದು ಮೊದಲು ನೋಡಿ. ದರ ನಾವು ಹೇಳಿದಷ್ಟು, ಉದಾಹರಣೆಗೆ ಶೇ 5, ಮೇಲೆ ಹೋದ ನಂತರ ಹಿಂದೆ ತಿರುಗಿ, ಅಲ್ಲಿ ತಳವಿತ್ತು ಎಂದು ಗುರುತಿಸುವುದು ಅದರ ಕೆಲಸ. ತಳದ ದಿನ ಅಲ್ಲಿ ಬಾಣ ಇರಲೇ ಇಲ್ಲ. ಮುಂದಿನ ದರವನ್ನು ಇಣುಕಿ ನೋಡುವ ಸೂತ್ರಗಳನ್ನು ಪತ್ತೆ ಹಚ್ಚುವ ಪರೀಕ್ಷೆಯನ್ನು ಆಮಿಬ್ರೋಕರ್ ತನ್ನ ಸೂತ್ರ ಸಂಪಾದಕದಲ್ಲೇ ಇಟ್ಟಿದೆ. ಇಂಥ ಎಚ್ಚರಿಕೆಯನ್ನು ತಾನಾಗಿ ಕೊಡುವುದು ಈ ತಂತ್ರಾಂಶದ ಮೇಲೆ ನನಗಿರುವ ಗೌರವಕ್ಕೆ ಮುಖ್ಯ ಕಾರಣಗಳಲ್ಲೊಂದು. ಹಳೆಯ ದರಗಳ ಮೇಲೆ ನಿಯಮ ಪರೀಕ್ಷಿಸುವವರಿಗೆ ಇನ್ನೂ ಒಂದು ಮಾತು: ಇವತ್ತಿನ ಪಟ್ಟಿಯಲ್ಲಿ ಐಟಿ ಕಂಪನಿ ಮೈಂಡ್‌ಟ್ರೀ ಇಲ್ಲ, 2022ರಲ್ಲೇ ಅದು ಎಲ್ ಅಂಡ್ ಟಿ ಇನ್ಫೋಟೆಕ್ ಜೊತೆ ವಿಲೀನವಾಯಿತು. ಅಳಿದ ಷೇರುಗಳನ್ನು ಬಿಟ್ಟು, ಉಳಿದವುಗಳ ಮೇಲಷ್ಟೇ ಮಾಡಿದ ಪರೀಕ್ಷೆ ಸತ್ಯ ಹೇಳುವುದಿಲ್ಲ.

ಎಲ್ಲವೂ ಸರಿಯಿದ್ದು, ಸಿಗ್ನಲ್ ಅಪ್ಪಟವಾಗಿದ್ದಾಗಲೂ ಅದನ್ನು ಹೇಗೆ ತೆಗೆದುಕೊಳ್ಳಬೇಕು ಎಂಬುದಕ್ಕೆ 2024ರ ಜೂನ್ ಮೊದಲ ವಾರವನ್ನು ಪರಿಶೀಲಿಸುವುದು ಒಳ್ಳೆಯದು. ಮತಗಟ್ಟೆ ಸಮೀಕ್ಷೆಗಳ ಹುರುಪಿನಲ್ಲಿ 3ರಂದು ನಿಫ್ಟಿ ಸೂಚ್ಯಂಕ 23,263.90ಕ್ಕೆ ಮುಚ್ಚಿತು. ಲೋಕಸಭಾ ಚುನಾವಣೆಯ ಮತ ಎಣಿಕೆಯ ದಿನವಾದ 4ರಂದು ಸುಮಾರು ಶೇ 5.9 ಕುಸಿದು 21,884.50ಕ್ಕೆ, 50 ದಿನಗಳ ಸರಾಸರಿಯ ಕೆಳಗೆ ಬಂತು. 5ರಂದು ಮತ್ತೆ ಆ ಸರಾಸರಿಯ ಮೇಲೆ ಹತ್ತಿ, 7ರಂದು 23,290.15ಕ್ಕೆ ಮುಚ್ಚಿತು. 4ರ ಸಂಜೆಯ ಮಾರಾಟದ ಸಿಗ್ನಲ್ ಪಾಲಿಸಿದವರು 5ರ ಬೆಳಿಗ್ಗೆ ಮಾರಿ, ಆ ಸಂಜೆಯ ಖರೀದಿ ಸಿಗ್ನಲ್ ಪ್ರಕಾರ 6ರ ಬೆಳಿಗ್ಗೆ ಹೆಚ್ಚಿನ ದರಕ್ಕೆ ಮತ್ತೆ ಕೊಳ್ಳಬೇಕಿತ್ತು. ಡೆಲಿವರಿ ವಹಿವಾಟಿನ ಎರಡೂ ಕಡೆ ಶೇ 0.1 ಎಸ್‌ಟಿಟಿ (ಷೇರು ವಹಿವಾಟು ತೆರಿಗೆ), ಅದರ ಮೇಲೆ ಬ್ರೋಕರ್ ಶುಲ್ಕ. ವರ್ಷ ತುಂಬಿದ ಹಿಡುವಳಿಯನ್ನು ಹೀಗೆ ಮಾರಿ ಮತ್ತೆ ಕೊಂಡರೆ ಅವಧಿಯ ಲೆಕ್ಕ ಹೊಸದಾಗಿ ಆರಂಭವಾಗುತ್ತದೆ. 2024ರ ಜುಲೈ 23ರಿಂದ ಅಲ್ಪಾವಧಿ ಲಾಭಕ್ಕೆ ಶೇ 20, ದೀರ್ಘಾವಧಿಯಲ್ಲಿ 1.25 ಲಕ್ಷ ರೂಪಾಯಿ ಮೀರಿದ ಲಾಭಕ್ಕೆ ಶೇ 12.5 ತೆರಿಗೆ ಇರುವಾಗ ಈ ವ್ಯತ್ಯಾಸ ಸಣ್ಣದಲ್ಲ. ಆದ್ದರಿಂದ ಕೊಂಡು ಎಷ್ಟು ದಿನವಾಯಿತು ಎಂಬುದನ್ನೂ ನನ್ನ ಪಟ್ಟಿಯಲ್ಲಿ ಒಂದು ಕಾಲಂ ಆಗಿ ಸೇರಿಸಿಕೊಂಡಿದ್ದೇನೆ. ಹನ್ನೊಂದು ತಿಂಗಳು ದಾಟಿದ ಸಾಲುಗಳಿಗೆ ಹಳದಿ ಬಣ್ಣ ಬರುತ್ತದೆ, ಆ ಬಣ್ಣವಿದ್ದಲ್ಲಿ ಮಾರಾಟದ ಸಿಗ್ನಲ್ ಅನ್ನು ಎರಡು ಸಲ ನೋಡುತ್ತೇನೆ.

ಇಷ್ಟೆಲ್ಲ ಉಸಾಬರಿ ಬೇಡ ಎನ್ನುವವರಿಗೆ ಬ್ರೌಸರಿನಲ್ಲೇ ನಡೆಯುವ ಚಾರ್ಟಿಂಕ್ ಇದೆ. ದರ ತರುವ, ತಿದ್ದುವ ಕೆಲಸವಿಲ್ಲದೆ ತಾಂತ್ರಿಕ ಷರತ್ತುಗಳನ್ನು ಆರಿಸಿ ಜೋಡಿಸಬಹುದು. ಸಾಲ, ಲಾಭ, ಬಂಡವಾಳದ ಮೇಲಿನ ಗಳಿಕೆ ಇಂಥ ಲೆಕ್ಕಪತ್ರದ ಅಂಶಗಳಿಂದ ಸೋಸಲು ಸ್ಕ್ರೀನರ್.ಇನ್ ತಾಣವನ್ನು ನಾನೂ ಬಳಸುತ್ತೇನೆ, ಆಮಿಬ್ರೋಕರ್ ಆ ಕೆಲಸಕ್ಕೆ ಹೇಳಿ ಮಾಡಿಸಿದ್ದಲ್ಲ. ದಿನದೊಳಗೇ ಕೊಂಡು ಮಾರುವವರ ಅನುಕೂಲ ಅನನುಕೂಲಗಳ ಬಗ್ಗೆ ನಾನು ಹೇಳುವಂಥದ್ದು ಏನೂ ಇಲ್ಲ, ನನ್ನ ಬಳಕೆಯೆಲ್ಲ ಸಂಜೆಯ ಮುಕ್ತಾಯ ದರದ ಮೇಲೆ. ಕೊಳ್ಳುವ ಯೋಚನೆಯಿದ್ದರೆ ಮೊದಲು ಪರೀಕ್ಷಾ ಆವೃತ್ತಿಯನ್ನು ಇಳಿಸಿಕೊಂಡು, ನಿಮ್ಮ ಖಾತೆಯಲ್ಲಿರುವ ಷೇರುಗಳ ಪೈಕಿ ಬೋನಸ್ ಅಥವಾ ವಿಭಜನೆ ಕಂಡ ಒಂದನ್ನು ಆರಿಸಿ, ಅದರ ದರಗಳನ್ನು ತಂದು ತಿದ್ದಿ ನೋಡಿ. ಆ ಕೆಲಸ ಬೇಸರ ತರದಿದ್ದರೆ ಪರವಾನಗಿಗೆ ಹಣ ಕೊಡಬಹುದು.